ಬ್ರೆಡ್ಡಣ್ಣನ ಮೇಜಿಗೆ ಬಂದ ಎರಡನೇ ಆಲ್ಬಂ

ಬೀದಿ ದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂಬಾಗಿಲಲ್ಲಿ ಬಿಳಿ ವ್ಯಾನೊಂದು ಬಾಯಿ ತೆರೆದು ನಿಂತಿದೆ. ಒಳಗಿನಿಂದ ಬಿಸಿ ಬ್ರೆಡ್ಡಿನ ಟ್ರೇಗಳು ಒಂದೊಂದಾಗಿ ಹೊರಬರುತ್ತಿವೆ. ಸ್ವೆಟರಿನ ತೋಳು ಮಡಚಿಕೊಂಡ ಒಬ್ಬರು ಅವನ್ನು ಎದೆಗೊತ್ತಿ ಹಿಡಿದು, ಮೊಣಕಾಲಿನಿಂದ ಬಾಗಿಲು ತಡೆದು, ವ್ಯಾನಿನೊಳಗಿನ ಕಬ್ಬಿಣದ ಗೂಡುಗಳಿಗೆ ತಳ್ಳುತ್ತಾರೆ. ದೂರದ ಅಂಗಡಿಯದು ಒಳಗೆ, ಹತ್ತಿರದ್ದು ಹೊರಗೆ. ಬ್ರೆಡ್ಡು ಕೆಳಗೆ, ಬನ್ನು ಮೇಲೆ.

"ಬನ್ನಿನ ಮೇಲೆ ಏನೂ ಇಡಬಾರದು. ಆಮೇಲೆ ಏನು ಸಮಾಧಾನ ಮಾಡಿದ್ರೂ ಮುಖ ಎತ್ತಲ್ಲ ಅದು," ಎನ್ನುತ್ತಾರೆ ಅವರು, ಹಿಂದಿನ ಬಾಗಿಲು ಮುಚ್ಚುತ್ತ. ನನಗೆ ಮುಂದಿನ ಸೀಟು ತೋರಿಸುತ್ತಾರೆ. "ಹತ್ತಿ, ಹತ್ತಿ. ಸೀಟಿನ ಮೇಲಿರೋ ಟವೆಲ್ ಪಕ್ಕಕ್ಕೆ ಹಾಕಿ."

ವಾರದ ದಿನಗಳಲ್ಲಿ ಇವರು ಬ್ರೆಡ್ ವ್ಯಾನಿನ ಡ್ರೈವರ್. ಆಸ್ಪತ್ರೆಯ ಕ್ಯಾಂಟೀನು, ಹಾಸ್ಟೆಲಿನ ಅಡುಗೆಮನೆ, ಮೂಲೆ ಮೂಲೆಯ ಅಂಗಡಿಗಳು, ಎಲ್ಲ ಕಡೆ ಬೆಳಕು ಹರಿಯುವಷ್ಟರಲ್ಲಿ ಬ್ರೆಡ್ಡು ಇಳಿಸಿ ಮುಗಿಸಬೇಕು. ಶನಿವಾರ ಮಧ್ಯಾಹ್ನ ವ್ಯಾನಿನೊಳಗಿನ ಗೂಡುಗಳು ಕಳಚಿ ಕೆಳಗಿಳಿಯುತ್ತವೆ. ಆ ಜಾಗಕ್ಕೆ ಡ್ರಮ್ಮುಗಳು, ಸ್ಪೀಕರುಗಳು, ಎರಡು ಗಿಟಾರು ಮತ್ತು ನಾಲ್ಕು ಜನ ಏರುತ್ತಾರೆ. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ತಮ್ಮ ಹಾಡು ತಾವೇ ಬರೆದು, ತಾವೇ ಸಿ.ಡಿ. ಮಾಡಿಸಿ ಮಾರುವ ಒಂದು ರಾಕ್ ಬ್ಯಾಂಡು ಅದು. ಹಾಡುವವಳು ಒಬ್ಬಳು, ಗಿಟಾರಿಗೆ ಅಣ್ಣ ತಮ್ಮ ಇಬ್ಬರು, ಡ್ರಮ್ಮಿಗೆ ಒಬ್ಬ. ಆ ನಾಲ್ವರು ಈ ಡ್ರೈವರಿಗೆ ಇಟ್ಟ ಹೆಸರೇ ಬ್ರೆಡ್ಡಣ್ಣ. ಈಗ ಬೇಕರಿಯಲ್ಲೂ ಅದೇ ಹೆಸರು. "ಮನೇಲಿ ಮಾತ್ರ ಇನ್ನೂ 'ರೀ' ಅಂತಾರೆ," ಎಂದು ನಗುತ್ತಾರೆ.

ಮೊದಲು ಅವರು ಲಾರಿ ಓಡಿಸುತ್ತಿದ್ದರು. ಒಮ್ಮೆ ಹೊರಟರೆ ವಾರಗಟ್ಟಲೆ ಮನೆಯ ಕಡೆ ತಲೆ ಹಾಕುವಂತಿರಲಿಲ್ಲ. "ಮಗಳು ನಡೆಯೋಕೆ ಕಲಿತದ್ದನ್ನ ನಾನು ನೋಡ್ಲಿಲ್ಲ. ಹೋಗುವಾಗ ಅಂಬೆಗಾಲು. ವಾಪಸ್ ಬಂದಾಗ ನನ್ನ ಕಂಡು ಹೆದರಿ ಒಳಗೆ ಓಡಿದ್ಲು." ಕೊನೆಗೆ ಸೊಂಟ ಕೈಕೊಟ್ಟಿತು. ಹಾಸಿಗೆ ಹಿಡಿದು ಮಲಗಿದ ಆ ದಿನಗಳಲ್ಲಿ ಹೆಂಡತಿ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದರು. ಎದ್ದು ಓಡಾಡುವಂತಾದ ಮೇಲೆ ಸಿಕ್ಕಿದ್ದು ಈ ಬ್ರೆಡ್ ವ್ಯಾನು. ಲಾರಿಯವನಿಗೆ ಇದು ಆಟಿಕೆಯಂತೆ ಕಂಡಿತಂತೆ, ಆದರೆ ಸಂಜೆಗೆ ಮನೆಯಲ್ಲಿರಬಹುದಿತ್ತು.

ಬ್ಯಾಂಡಿನವರು ಸಿಕ್ಕಿದ್ದು ರಸ್ತೆ ಬದಿಯಲ್ಲಿ. ಬಾಡಿಗೆಗೆ ತಂದ ಗಾಡಿ ಕೆಟ್ಟು, ಕಾರ್ಯಕ್ರಮಕ್ಕೆ ಹೊತ್ತಾಗುತ್ತಿದೆ ಎಂದು ನಾಲ್ವರೂ ಕಂಗಾಲಾಗಿ ನಿಂತಿದ್ದರು. ಇವರು ಖಾಲಿ ವ್ಯಾನು ತೆಗೆದುಕೊಂಡು ಹಿಂದಿರುಗುತ್ತಿದ್ದರು. ಡ್ರಮ್ಮುಗಳನ್ನು ಬ್ರೆಡ್ಡಿಗೆ ಹೊದಿಸುವ ಬಟ್ಟೆಯಲ್ಲಿ ಸುತ್ತಿ ಸಭಾಂಗಣಕ್ಕೆ ತಂದು ಇಳಿಸಿದರು. ಇಳಿಸಿದವರು ಹಾಗೇ ಹೋಗದೆ ಕಿವಿಗೆ ಹತ್ತಿ ತುರುಕಿಕೊಂಡು ಹಿಂದೆ ನಿಂತರು. "ಒಂದು ಪದಾನೂ ಅರ್ಥ ಆಗ್ಲಿಲ್ಲ. ಆದ್ರೆ ಕಾಲು ಮಾತ್ರ ನನ್ನ ಮಾತು ಕೇಳ್ತಿರಲಿಲ್ಲ."

ಆಮೇಲೆ ಅವರು ಆ ಬ್ಯಾಂಡಿನ ಕಾಯಂ ಡ್ರೈವರ್ ಆದರು. ಕಾರ್ಯಕ್ರಮ ಮುಗಿಯುತ್ತಿದ್ದಂತೆ ಬಾಗಿಲ ಬಳಿ ಮಡಚುವ ಮೇಜು ಹಾಕಿ ಸಿ.ಡಿ. ಮತ್ತು ಟೀ ಶರ್ಟು ಮಾರುವ ಕೆಲಸವೂ ಅವರ ಹೆಗಲಿಗೆ ಬಿತ್ತು. ಮೊದಲ ಆಲ್ಬಂ ಬಂದಾಗ ಆ ಮೇಜಿನ ಮುಂದೆ ನೂಕುನುಗ್ಗಲು. ಹಾಡು ಕೇಳಿ ಕುಣಿದು ಬೆವೆತವರು ಅದೇ ಬೆವರಿನಲ್ಲಿ ಬಂದು ಸಿ.ಡಿ. ಕೇಳುತ್ತಿದ್ದರು. ಡ್ರಮ್ಮಿನ ಹೊಡೆತಕ್ಕೆ ಸಭಾಂಗಣದ ಕಿಟಕಿ ಗಾಜು ನಡುಗುತ್ತಿತ್ತು. ಅದರಲ್ಲೂ ಒಬ್ಬ ವೆಲ್ಡರ್ ಒಂದು ಕಾರ್ಯಕ್ರಮವನ್ನೂ ತಪ್ಪಿಸುತ್ತಿರಲಿಲ್ಲ. ಎಷ್ಟು ದೂರವಾದರೂ ಬಸ್ಸು ಹತ್ತಿ ಬಂದು ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಮೇಜಿಗೆ ಬಂದು, "ಬ್ರೆಡ್ಡಣ್ಣ, ವಾರವೆಲ್ಲ ಕಿಡಿ ನೋಡಿ ನೋಡಿ ಸಾಕಾಗಿರುತ್ತೆ. ಇಲ್ಲಿಗೆ ಬಂದ್ರೆ ತಲೆ ತೊಳೆದ ಹಾಗೆ ಆಗುತ್ತೆ," ಎನ್ನುತ್ತಿದ್ದ.

ಎರಡನೇ ಆಲ್ಬಂ ತಡವಾಯಿತು. ಯಾಕೆ ತಡ ಎಂಬುದು ಆ ನಾಲ್ವರನ್ನು ಬಿಟ್ಟರೆ ಬ್ರೆಡ್ಡಣ್ಣನಿಗೆ ಮಾತ್ರ ಗೊತ್ತಿತ್ತು. ಡ್ರಮ್ಮರ್ ಯಾವಾಗಲೂ ವ್ಯಾನಿನಲ್ಲಿ ಅವರ ಪಕ್ಕವೇ ಕೂರುವವನು. "ಒಂದಿನ ನಾನು ಮಾತಾಡ್ತಾನೇ ಇದ್ದೀನಿ, ಇವನು ಕಿಟಕಿ ಕಡೆ ನೋಡ್ತಾನೇ ಇದ್ದಾನೆ. ನನ್ನ ಮೇಲೆ ಏನೋ ಸಿಟ್ಟು ಅಂದ್ಕೊಂಡೆ. ಭುಜ ಮುಟ್ಟಿ, 'ಏನೋ, ಏನಾಯ್ತು?' ಅಂದೆ. ಬೆಚ್ಚಿಬಿದ್ದ. 'ಅಣ್ಣ, ಈ ಕಡೆ ಕಿವೀಲಿ ಯಾರೋ ಸಿಳ್ಳೆ ಹೊಡೆದ ಹಾಗೆ ಶಬ್ದ ಬರುತ್ತೆ, ನಿಲ್ಲೋದೇ ಇಲ್ಲ' ಅಂದ. ಅಳಲಿಲ್ಲ. ತುಟಿ ಮಾತ್ರ ಹೀಗೆ ಕಚ್ಕೊಂಡಿದ್ದ."

ವೈದ್ಯರ ಮಾತು ಖಡಾಖಂಡಿತವಾಗಿತ್ತು. ಶಬ್ದ ಇಳಿಸಬೇಕು, ಆಗದಿದ್ದರೆ ಡ್ರಮ್ಮಿನ ಕೋಲು ಕೆಳಗಿಡಬೇಕು. ಡ್ರಮ್ಮರ್ ತಾನೇ ಮುಂದಾಗಿ, ಬೇರೆಯವರನ್ನು ಹುಡುಕಿಕೊಳ್ಳಿ ಎಂದ. ಹಾಡುವವಳು ಒಂದೇ ಮಾತು ಹೇಳಿದಳು: "ಬೇರೆ ಡ್ರಮ್ಮರ್ ಬೇಡ. ಬೇರೆ ಹಾಡು ಬರೆಯೋಣ."

ಹಾಗೆ ಹುಟ್ಟಿದ್ದು ಎರಡನೇ ಆಲ್ಬಂ. ಅದರಲ್ಲಿ ಕಿರುಚಾಟವಿಲ್ಲ. ಕೆಲವು ಹಾಡುಗಳಲ್ಲಿ ಡ್ರಮ್ಮಿನ ಮೇಲೆ ಬರಿಗೈ ಆಡುತ್ತದೆ, ಒಂದರಲ್ಲಿ ಬಟ್ಟೆ ಒಗೆಯುವ ಬ್ರಶ್ಶು. ಹಾಡುವವಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೇನೋ ಎಂಬಷ್ಟು ಮೆಲ್ಲಗೆ ಹಾಡುತ್ತಾಳೆ. ಕಾರಣವನ್ನು ಮಾತ್ರ ಹೊರಗೆ ಬಿಡಬಾರದು ಎಂದು ಡ್ರಮ್ಮರ್ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದ. ಅಯ್ಯೋ ಪಾಪ ಎಂದು ಯಾರೂ ತನ್ನ ಸಿ.ಡಿ. ಕೊಳ್ಳಬಾರದು ಎಂಬ ಹಟ ಅವನದು.

ಆಲ್ಬಂ ಬಂದ ಮೊದಲ ಶನಿವಾರವೇ ಮೇಜಿನ ಮುಂದೆ ಎರಡು ಪಕ್ಷವಾಯಿತು. ಇದು ಹಾಡಲ್ಲ, ನಿದ್ದೆ ಮಾತ್ರೆ ಎಂದವರು ಕೆಲವರು. ಇಷ್ಟು ಬೇಗ ಮುದುಕರಾಗಿಬಿಟ್ಟಿರಾ ಎಂದು ಮುಖ ತಿರುಗಿಸಿದವರು ಕೆಲವರು. ಕಾಸಿಗಾಗಿ ಮೆತ್ತಗಾದರು ಎಂಬ ಆರೋಪವೂ ಬಂತು. ಅದೇ ಸಾಲಿನಲ್ಲಿ ನಿಂತಿದ್ದ ನರ್ಸ್ ಒಬ್ಬರು, "ನಿಮ್ಮ ಹಾಡು ಕೇಳ್ಬೇಕು ಅಂದ್ರೆ ಮಗೂನ ಅಮ್ಮನ ಮನೆಗೆ ಕಳಿಸ್ಬೇಕಿತ್ತು. ಈಗ ಅದನ್ನ ತೊಡೆ ಮೇಲೆ ಮಲಗಿಸ್ಕೊಂಡೇ ಕೇಳ್ತೀನಿ," ಎಂದು ಎರಡು ಸಿ.ಡಿ. ಕೊಂಡರು. ಒಂದು ಜೋಡಿಯಂತೂ ಮೇಜಿನೆದುರೇ ಜಗಳಕ್ಕೆ ನಿಂತಿತು. "ಗಂಡ ಸಿ.ಡಿ. ವಾಪಸ್ ಕೊಟ್ಟ. ಹೆಂಡತಿ ಅಲ್ಲೇ ಅದನ್ನ ಮತ್ತೆ ತಗೊಂಡ್ಲು. ಇಬ್ರೂ ಮುಖ ಊದಿಸ್ಕೊಂಡು ಒಂದೇ ಸ್ಕೂಟರ್ ಹತ್ತಿ ಹೋದ್ರು."

ಬ್ರೆಡ್ಡಣ್ಣನ ಮನೆಯೂ ಇದಕ್ಕೆ ಹೊರತಲ್ಲ. ಮೊದಲ ಆಲ್ಬಂ ಹಾಕಿದರೆ ಹೆಂಡತಿ ಯಂತ್ರ ನಿಲ್ಲಿಸಿ, "ರೀ, ಪಾತ್ರೆ ಬಿದ್ದ ಹಾಗಿದೆ, ಆರಿಸಿ," ಎನ್ನುತ್ತಿದ್ದವರು. ಈಗ ಪರದೆ ಅಂಚು ಹೊಲಿಯುತ್ತ ಎರಡನೆಯದನ್ನೇ ಗುನುಗುತ್ತಾರೆ. ಅಪ್ಪನನ್ನು ಕಂಡು ಒಳಗೆ ಓಡಿದ್ದ ಆ ಮಗಳು ಈಗ ಕಣ್ಣಿನ ಆಸ್ಪತ್ರೆಯೊಂದರ ಸ್ವಾಗತದ ಮೇಜಿನಲ್ಲಿದ್ದಾಳೆ. ಅವಳದು ಮೊದಲ ಆಲ್ಬಮ್ಮಿನ ಪಕ್ಷ. ಊಟಕ್ಕೆ ಕೂತಾಗ, "ಅಮ್ಮನಿಗೆ ಇಷ್ಟ ಆಯ್ತು ಅಂದ ಮೇಲೆ ಅದು ರಾಕ್ ಅಲ್ಲವೇ ಅಲ್ಲ ಬಿಡಪ್ಪಾ," ಎಂದು ತಾಯಿಯನ್ನು ಕೆಣಕುತ್ತಾಳೆ.

ಕಾರ್ಯಕ್ರಮ ಮುಗಿಸಿ ವ್ಯಾನು ಹತ್ತಿದ ಕೂಡಲೇ ಹಾಡುವವಳು ಕೇಳುತ್ತಿದ್ದದ್ದು ಒಂದೇ: "ಏನಂದ್ರು ಅಣ್ಣ?" ಬ್ರೆಡ್ಡಣ್ಣ ಜನ ಹೊಗಳಿದ್ದನ್ನೂ ಹೇಳುತ್ತಿದ್ದರು, ಬೈದದ್ದನ್ನೂ ಹೇಳುತ್ತಿದ್ದರು. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಒಳ್ಳೇದಷ್ಟೇ ಹೇಳಿ ಅಣ್ಣ. ಇವತ್ತೊಂದಿನ."

"ಹೇಳ್ಬಹುದಮ್ಮ. ಆದ್ರೆ ನಾಳೆ ನಾನು ಒಳ್ಳೇದು ಹೇಳಿದಾಗ ನೀನು ನಂಬಲ್ಲ."

ಮನೆ ಬಂದಾಗ ಇಳಿದವಳು ಕಿಟಕಿಗೆ ಬಂದು, "ನಿಮಗೆ? ನಿಮಗೆ ಯಾವುದು ಇಷ್ಟ?" ಎಂದಳು. ಬ್ರೆಡ್ಡಣ್ಣ ಎಂಜಿನ್ ಆರಿಸಿದರು. "ಮೊದಲನೇದು ಅಂದೆ. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ತಲೆ ಆಡಿಸಿ ಒಳಗೆ ಹೋದ್ಲು. ಆ ರಾತ್ರಿ ಅನ್ನ ಸೇರಲಿಲ್ಲ ನಂಗೆ. ಅಷ್ಟು ಕಷ್ಟಪಟ್ಟು ಮಾಡಿದ್ದಾರೆ, ಇಷ್ಟ ಆಯ್ತು ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು ಅಂತ." ಮುಂದಿನ ವಾರ ಕರೆ ಬರುತ್ತದೋ ಇಲ್ಲವೋ ಎಂದು ಅವರು ಫೋನನ್ನೇ ನೋಡುತ್ತಿದ್ದರು. ಕರೆ ಬಂತು. ಎಂದಿನ ಜಾಗ, ಎಂದಿನ ಹೊತ್ತು ಎಂದಷ್ಟೇ ಹೇಳಿದಳಂತೆ.

ಆ ಶನಿವಾರ ವೆಲ್ಡರ್ ಬಂದಿದ್ದ. ಮುಂದಿನ ಸಾಲಲ್ಲಿ ನಿಂತಿರಲಿಲ್ಲ, ಗೋಡೆಗೆ ಒರಗಿದ್ದ. ಮುಗಿದ ಮೇಲೆ ನೇರ ಮೇಜಿಗೆ ಬಂದು ಎರಡನೇ ಸಿ.ಡಿ. ಮುಂದಿಟ್ಟ. "ಇದು ನನ್ನ ಬ್ಯಾಂಡ್ ಅಲ್ಲ, ಇಟ್ಕೊಳ್ಳಿ," ಎಂದ. ದುಡ್ಡು ವಾಪಸ್ ಕೊಡಲು ಹೋದರೆ ಬೇಡವೆಂದ. ನೀರಿನ ಬಾಟಲಿ ಹುಡುಕಿಕೊಂಡು ಡ್ರಮ್ಮರ್ ಅಲ್ಲಿಗೆ ಬಂದದ್ದು ಆಗಲೇ. ಅವನನ್ನು ಕಂಡದ್ದೇ ವೆಲ್ಡರನಿಗೆ ಒಳಗಿದ್ದದ್ದೆಲ್ಲ ಹೊರಗೆ ಬಂತು.

"ಏನಪ್ಪಾ, ಕೈ ಬಿದ್ದು ಹೋಗಿದೆಯಾ? ಆವಾಗ ಹೊಡೀತಿದ್ದವನು ನೀನೇನಾ? ಹೊಡೆಯೋಕೆ ಸೋಮಾರಿತನ ಆದ್ರೆ ಮನೇಲಿ ಕೂತ್ಕೊ."

ಬ್ರೆಡ್ಡಣ್ಣ ಎದ್ದು ನಿಂತರು. "ಬಾಯಿ ತುದಿಗೆ ಬಂದಿತ್ತು. ಲೇ, ಅವನ ಕಿವಿ ಹೋಗ್ತಿದೆ ಕಣೋ ಅಂತ ಕಿರುಚಿಬಿಡ್ಬೇಕು ಅನ್ನಿಸ್ತು. ಆದ್ರೆ ಮಾತು ಕೊಟ್ಟಿದ್ದೆನಲ್ಲ. ಡ್ರಮ್ಮರ್ ಹುಡುಗನ ಮುಖ ನೋಡ್ದೆ."

ಡ್ರಮ್ಮರ್ ಮೇಜಿನ ಪಕ್ಕದ ಕುರ್ಚಿ ಎಳೆದು ಕೂತ. ವೆಲ್ಡರನಿಗೂ ಒಂದು ಕುರ್ಚಿ ತೋರಿಸಿದ. "ಈ ಕಡೆ ಕೂತ್ಕೊಳ್ಳಿ, ಆ ಕಡೆ ಕೂತ್ರೆ ನನಗೆ ಕೇಳಿಸಲ್ಲ," ಎಂದ. ನಂತರ ಸಿಳ್ಳೆಯ ಶಬ್ದದಿಂದ ಹಿಡಿದು ವೈದ್ಯರ ಮಾತಿನ ತನಕ ಎಲ್ಲವನ್ನೂ ಹೇಳಿದ. ತಾನು ಬಿಟ್ಟುಹೋಗುತ್ತೇನೆ ಎಂದದ್ದನ್ನೂ ಹಾಡುವವಳು ಬೇರೆ ಹಾಡು ಬರೆಯೋಣ ಎಂದದ್ದನ್ನೂ ಮುಚ್ಚಿಡಲಿಲ್ಲ.

ವೆಲ್ಡರ್ ನೆಲ ನೋಡುತ್ತ ಕೇಳಿಸಿಕೊಂಡ. ಕೊನೆಗೆ ಕೈಯಿಂದ ಮುಖ ಒರೆಸಿಕೊಂಡು ಡ್ರಮ್ಮರನ ಮೊಣಕಾಲು ಮುಟ್ಟಿದ.

"ಗೊತ್ತಿರಲಿಲ್ಲ ಗುರು. ತಪ್ಪಾಯ್ತು." ಕುರ್ಚಿಯಿಂದ ಏಳುತ್ತ ಮತ್ತೆ, "ಆದ್ರೆ ಆಲ್ಬಂ ಮಾತ್ರ ಈಗಲೂ ನನಗೆ ಇಷ್ಟ ಆಗ್ಲಿಲ್ಲ."

ಡ್ರಮ್ಮರ್ ನಗತೊಡಗಿದ. ಕುರ್ಚಿಯ ಹಿಂದಕ್ಕೆ ಬಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಗಿಟಾರಿನ ಅಣ್ಣ ತಮ್ಮ ಏನಾಯಿತೋ ಎಂದು ಒಳಗಿನಿಂದ ಓಡಿ ಬಂದರು. "ಎಷ್ಟು ತಿಂಗಳಾಗಿತ್ತೋ ಅವನು ಹಾಗೆ ನಕ್ಕು. ಹಾಡೋ ಹುಡುಗಿ ಬಾಗಿಲಲ್ಲೇ ನಿಂತು ನೋಡ್ತಿದ್ಲು. 'ಇವರೂ ನಿಮ್ಮ ಪಕ್ಷವೇ' ಅಂತ ವೆಲ್ಡರ್‌ಗೆ ಹೇಳಿ ನನ್ನ ಕಡೆ ಬೊಟ್ಟು ಮಾಡಿದ್ಲು. ಎಲ್ರೂ ನಕ್ಕಿದ್ದೇ ನಕ್ಕಿದ್ದು."

ಅದಾದ ಎರಡನೇ ವಾರಕ್ಕೆ ಡ್ರಮ್ಮರ್ ವೇದಿಕೆಯ ಮೇಲೇ ತನ್ನ ಕಿವಿಯ ವಿಷಯ ಹೇಳಿದ. ಇಲ್ಲಿ ಬರೆಯಲೂ ಅವನ ಒಪ್ಪಿಗೆಯಿದೆ. ಕೇಳುಗರು ಒಂದಾದರೆಂದು ಹೇಳಲಾರೆ. ಕೆಲವರು ಕಾರಣ ತಿಳಿದು ಮತ್ತೊಮ್ಮೆ ಕೇಳಿ ಮನಸ್ಸು ಬದಲಿಸಿದರು, ಕೆಲವರು ಬರುವುದನ್ನೇ ನಿಲ್ಲಿಸಿದರು. ಸಭಾಂಗಣಗಳು ಮೊದಲಿನಷ್ಟು ತುಂಬುವುದಿಲ್ಲ. ಆದರೆ ಈಗ ಕುರ್ಚಿ ಹಾಕುತ್ತಾರೆ, ಮಕ್ಕಳನ್ನು ಕರೆತರುವವರಿದ್ದಾರೆ. ಬ್ರೆಡ್ಡಣ್ಣನ ಹೆಂಡತಿಯೂ ಒಮ್ಮೆ ಬಂದು ಕೊನೆಯ ಹಾಡಿನ ತನಕ ಕೂತಿದ್ದರು. ವೆಲ್ಡರ್ ತಪ್ಪದೆ ಬರುತ್ತಾನೆ, ಗೋಡೆಗೆ ಒರಗಿ ಕೈಕಟ್ಟಿ ನಿಲ್ಲುತ್ತಾನೆ. ಹೊಸ ಹಾಡು ಕಟ್ಟಿದರೆ ಡ್ರಮ್ಮರ್ ಮೊದಲು ಕೇಳಿಸುವುದು ಅವನಿಗೇ. "ಎಲ್ರೂ ಈಗ ಚೆನ್ನಾಗಿದೆ ಅಂತಾರೆ, ನನಗೆ ನಂಬಿಕೆ ಬರಲ್ಲ. ಆ ಮನುಷ್ಯ ಹೂಂ ಅಂದ್ರೆ ಮಾತ್ರ ಹೂಂ," ಎನ್ನುತ್ತಾನೆ. ವೆಲ್ಡರ್ ಇಲ್ಲಿಯವರೆಗೆ ಒಂದು ಹಾಡಿಗೆ, ಅದೂ ಅರ್ಧ ಮನಸ್ಸಿನಿಂದ, ಹೂಂ ಅಂದಿದ್ದಾನೆ.

ಕೊನೆಯ ಅಂಗಡಿಗೆ ಬ್ರೆಡ್ಡು ಇಳಿಸುವಷ್ಟರಲ್ಲಿ ಬಿಸಿಲು ರಸ್ತೆಗೆ ಬಂದಿದೆ. ಶಾಲೆಯ ಬಸ್ಸುಗಳು, ಬೈಕುಗಳು, ಅಡ್ಡಾದಿಡ್ಡಿ ನಿಂತ ಆಟೋಗಳು, ಎಲ್ಲರೂ ಎಲ್ಲರ ಮೇಲೂ ಕೂಗಾಡುತ್ತಿದ್ದಾರೆ. ಖಾಲಿ ಟ್ರೇಗಳು ಹಿಂದೆ ಗಡಗಡ ಎನ್ನುತ್ತಿವೆ. ಈ ಎರಡೂ ಕೆಲಸ ಎಷ್ಟು ದಿನ ಮಾಡುತ್ತೀರಿ ಎಂದರೆ ಬ್ರೆಡ್ಡಣ್ಣ ಸೊಂಟ ನೀವಿಕೊಳ್ಳುತ್ತಾರೆ. "ಸೊಂಟ ಹೇಳಿದಷ್ಟು ದಿನ. ಮೂರನೇ ಆಲ್ಬಂ ಬರೋ ತನಕ ಇದ್ರೆ ಸಾಕು. ಅದನ್ನೂ ಒಂದಿಷ್ಟು ಜನ ಬೈತಾರೆ. ಕೇಳಿಸಿಕೊಳ್ಳೋಕೆ ಒಬ್ಬ ಬೇಕಲ್ಲ."

ಮುಂದಿನ ಬೈಕಿನವನು ಫೋನು ನೋಡುತ್ತ ನಡುರಸ್ತೆಯಲ್ಲಿ ನಿಂತಿದ್ದಾನೆ. ಬ್ರೆಡ್ಡಣ್ಣ ಹಾರ್ನಿನ ಮೇಲೆ ಅಂಗೈ ಒತ್ತುತ್ತಾರೆ. ಅವನು ಬೆಚ್ಚಿ ಪಕ್ಕಕ್ಕೆ ಸರಿಯುತ್ತಾನೆ.

"ಇದು ವಾರದ ದಿನ ಮಾತ್ರ," ಎನ್ನುತ್ತಾರೆ ಅವರು, ನನ್ನ ಕಡೆ ತಿರುಗದೆ. "ಆ ಡ್ರಮ್ಮಿನ ಹುಡುಗ ಪಕ್ಕದಲ್ಲಿ ಕೂತಿರುವಾಗ ನಾನು ಹಾರ್ನ್ ಹೊಡೆದಿಲ್ಲ. ಎಂಥ ಟ್ರಾಫಿಕ್ ಇದ್ರೂ ಸರಿ. ಅವನಿಗೆ ಗೊತ್ತಿಲ್ಲ ಅದು. ಒಂದ್ಸಲಾನೂ ಹೊಡೆದಿಲ್ಲ."