ಅಂಕಲ್ ಎತ್ತರಿಸಿದ ಯೂಟ್

ಪರ್ತ್‌ನಲ್ಲಿ ಓದುವಾಗ ನಾನು ಹ್ಯಾರಿಸ್‌ಡೇಲ್‌ನ ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯವರು ಮಂಗಳೂರು ಕಡೆಯ ಕ್ಯಾಥೊಲಿಕ್ ದಂಪತಿ, ಇಬ್ಬರಿಗೂ ಅರವತ್ತು ದಾಟಿತ್ತು. ಅಂಕಲ್ ಮಸ್ಕತ್‌ನ ಗ್ಯಾರೇಜೊಂದರಲ್ಲಿ ಬಹಳ ವರ್ಷ ದುಡಿದು, ಆಮೇಲೆ ಇಲ್ಲಿಗೆ ಬಂದು ಗಣಿ ಯಂತ್ರಗಳ ರಿಪೇರಿ ಮಾಡಿ ನಿವೃತ್ತರಾಗಿದ್ದರು. ಆಂಟಿ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅರೆಕಾಲಿಕ ಕೆಲಸಕ್ಕೆ ಹೋಗುತ್ತಿದ್ದರು. ಅವರ ಒಬ್ಬಳೇ ಮಗಳು ಮದುವೆಯಾಗಿ ಅಡಿಲೇಡ್ ಸೇರಿದ್ದಳು. ನಾನು ಮೈಸೂರಿನವಳು, ದಿನದ ಕ್ಲಾಸು ಮುಗಿಸಿ ಕ್ಯಾನಿಂಗ್ಟನ್‌ನ ಮಾಲ್‌ನಲ್ಲಿ ಬಿಲ್ ಕೌಂಟರ್ ಕೆಲಸ ಮಾಡಿ ಬಸ್ಸಿನಲ್ಲಿ ಮನೆಗೆ ಬರುವ ಹೊತ್ತಿಗೆ ಅಂಕಲ್ ಸಾಮಾನ್ಯವಾಗಿ ಗ್ಯಾರೇಜಿನಲ್ಲಿ ಯೂಟ್‌ನ ಕೆಳಗೆ ಮಲಗಿರುತ್ತಿದ್ದರು. ನನಗೆ ಮೊದಲು ಕಾಣುತ್ತಿದ್ದದ್ದು ಅವರ ಎರಡು ಪಾದ.

ಹಿಂದೆ ಸಾಮಾನು ಹೇರಲು ತೆರೆದ ಜಾಗವಿರುವ ಪಿಕಪ್ ಗಾಡಿಗೆ ಇಲ್ಲಿಯವರು ಯೂಟ್ ಎನ್ನುತ್ತಾರೆ. ಇದು ಗೋಧಿ ಬೆಳೆಯುವ ರೈತನೊಬ್ಬನಿಂದ ಕೊಂಡ ಹಳೆಯ ಡೀಸೆಲ್ ಗಾಡಿ. ಬಿಳಿ ಬಣ್ಣ ಬಿಸಿಲಿಗೆ ಸುಣ್ಣದಂತಾಗಿ, ಕೈ ಇಟ್ಟರೆ ಅಂಗೈಗೆ ಮೆತ್ತಿಕೊಳ್ಳುತ್ತಿತ್ತು. ಮಸ್ಕತ್‌ನಲ್ಲಿ ಮರಳಿನ ಮೇಲೆ ಓಡಿಸಲೆಂದು ಜನ ಗಾಡಿಗಳನ್ನು ಎತ್ತರಿಸುವುದನ್ನು ಅಂಕಲ್ ನೋಡಿದ್ದರು. ಬೇರೆಯವರಿಗೆ ಮಾಡಿಕೊಟ್ಟೂ ಇದ್ದರು. ಈಗ ತಮ್ಮದೇ ಒಂದನ್ನು ಹಾಗೆ ಮಾಡಿ, ಆಂಟಿಯನ್ನು ಕೂರಿಸಿಕೊಂಡು, ಕೆಂಪು ಮಣ್ಣಿನ ಒಳನಾಡು ಸುತ್ತಿ ಅಡಿಲೇಡ್‌ಗೆ ಮಗಳ ಮನೆಗೆ ಹೋಗಬೇಕು ಅನ್ನುವುದು ಅವರ ಆಸೆ.

ಹಿಂಬದಿಯ ಕಮಾನು ಪಟ್ಟಿಗಳನ್ನು, ಅಂದರೆ ಸ್ಪ್ರಿಂಗ್‌ಗಳನ್ನು, ಎತ್ತರಿಸಿ ಆಗಿತ್ತು, ಮುಂದಿನದು ಬಾಕಿ. ಹಾಗಾಗಿ ಗಾಡಿ ಮುಂಗಾಲು ಮಡಿಚಿಕೊಂಡು ಏಳಲು ಹೊರಟ ಹಸುವಿನ ಹಾಗೆ ನಿಂತಿತ್ತು. ಹಿಂದೆ ಸಾಮಾನು ಹೇರುವ ಟ್ರೇಯನ್ನು ತಾವೇ ಕಬ್ಬಿಣದ ಆಂಗಲ್ ವೆಲ್ಡ್ ಮಾಡಿ ಅಗಲವಾಗಿ ಕಟ್ಟಿ ಹಸಿರು ಬಣ್ಣ ಬಳಿದಿದ್ದರು, ಅದರೊಳಗೆ ಇಬ್ಬರು ಕಾಲು ಚಾಚಿ ಮಲಗಬಹುದು. ಉದ್ದನೆಯ ಒಂದೇ ಸೀಟನ್ನು ತೆಗೆದು ಯಾವುದೋ ಗುಜರಿ ಕಾರಿನ ಎರಡು ಮೆತ್ತನೆಯ ಸೀಟು ಕೂರಿಸಿದ್ದರು. ಆಂಟಿಗೆ ಮೊಣಕಾಲು ನೋವು. ಎತ್ತರಿಸಿದ ಗಾಡಿಗೆ ಹತ್ತುವುದು ಹೇಗೆ? ಅದಕ್ಕೆಂದೇ ಬಾಗಿಲ ಕೆಳಗೆ ಒಂದು ಮೆಟ್ಟಿಲು. ಅದನ್ನು ವೆಲ್ಡ್ ಮಾಡುವ ಮುಂಚೆ ಆಂಟಿಯನ್ನು ಕರೆದು ನಿಲ್ಲಿಸಿ, ಕಾಲು ಎಷ್ಟು ಎತ್ತಲಾಗುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು.

ಆಂಟಿಗೆ ಮಾತ್ರ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ.

"ಮಸ್ಕತ್ತಲ್ಲೂ ಗ್ಯಾರೇಜು, ಇಲ್ಲೂ ಗ್ಯಾರೇಜು. ನನಗೆ ಮದುವೆ ಆದದ್ದು ಗಂಡನ ಜೊತೆಯಾ ಅಲ್ಲ ಸ್ಪ್ಯಾನರಿನ ಜೊತೆಯಾ ಅಂತ ಗೊತ್ತಿಲ್ಲ ಮಾರಾಯ್ತಿ," ಎಂದು ನನ್ನ ಹತ್ತಿರ ದೂರುತ್ತಿದ್ದರು. ಅಂಕಲ್ ಉತ್ತರ ಕೊಡುವವರಲ್ಲ. ನಕ್ಕು, ಮತ್ತೆ ಗಾಡಿಯ ಕೆಳಗೆ ತೂರಿಕೊಳ್ಳುವವರು.

ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಅಂಕಲ್ ಕೈಯಿಂದ ಲೋಟ ಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಸ್ಪತ್ರೆಯಿಂದ ಮರಳಿ ಬಂದಾಗ ಅವರ ಬಲಗೈಗೆ ಜೀವವಿರಲಿಲ್ಲ, ಬಲಗಾಲು ಎಳೆಯುತ್ತಿತ್ತು. ಮೊದಲೇ ಕಡಿಮೆ ಮಾತಿನವರು, ಈಗ ಒಂದೊಂದು ಪದಕ್ಕೂ ತಡಕಾಡುವ ಹಾಗಾಯಿತು. ಆಂಟಿ ಕೆಲಸ ಬಿಟ್ಟರು. ಅಂಕಲ್ ಇಡೀ ದಿನ ಕಿಟಕಿಯ ಪಕ್ಕ ಕುಳಿತು ಖಾಲಿ ರಸ್ತೆ ನೋಡುತ್ತಿದ್ದರು. ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಯೂಟ್‌ನ ರೆಜಿಸ್ಟ್ರೇಶನ್ ಕಟ್ಟುವುದು ತಪ್ಪಿಹೋಗಿ ಅದು ರಸ್ತೆಗಿಳಿಯುವ ಹಕ್ಕನ್ನೇ ಕಳೆದುಕೊಂಡಿತು.

ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಶನಿವಾರ ಆಂಟಿ ಅಂಕಲ್‌ರ ಹಳೆಯ ನೀಲಿ ಮೇಲಂಗಿ ತೊಟ್ಟು, ತೋಳನ್ನು ಮಡಿಚಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ನಿನಗೆ ಗೇರ್ ಹಾಕುವ ಗಾಡಿ ಓಡಿಸ್ಲಿಕ್ಕೆ ಬರ್ತದೆ ಅಲ್ವಾ?"

"ಬರುತ್ತೆ ಆಂಟಿ. ಊರಲ್ಲಿ ಅಪ್ಪನ ಹಳೇ ಕಾರಲ್ಲಿ ಕಲಿತಿದ್ದೆ."

"ಹಾಗಾದ್ರೆ ಬಾ. ಅದನ್ನು ಮುಗಿಸುವ. ಇವರು ಹೀಗೆ ಕಿಟಕಿ ನೋಡ್ತಾ ಕೂತ್ರೆ ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ."

ಅಂಕಲ್‌ರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಕೂರಿಸಿದೆವು. ಎಡಗೈಗೆ ಊರುಗೋಲು. ಅದರಿಂದಲೇ ತೋರಿಸಿದರು: ಈ ಸ್ಪ್ಯಾನರ್, ಆ ನಟ್, ಜಾಕ್ ಇಲ್ಲಿ ಅಲ್ಲ, ಅಲ್ಲಿ. ಅವರು ಆಡುತ್ತಿದ್ದದ್ದು ಎರಡೇ ಪದ, "ಇನ್ನೂ" ಮತ್ತು "ಸಾಕು". ತುಕ್ಕು ಹಿಡಿದ ಬೋಲ್ಟು ಕದಲದಿದ್ದಾಗ ಸ್ಪ್ಯಾನರ್‌ನ ಹಿಡಿಗೆ ಉದ್ದದ ಪೈಪು ತೂರಿಸಿ ನಾನೂ ಆಂಟಿಯೂ ನೇತಾಡುತ್ತಿದ್ದೆವು. ಒಮ್ಮೆ ಬೋಲ್ಟು ಥಟ್ಟನೆ ಬಿಟ್ಟುಕೊಂಡು ಇಬ್ಬರೂ ನೆಲಕ್ಕೆ ಕೂತಾಗ ಅಂಕಲ್ ಹೊಟ್ಟೆ ಕುಲುಕಿಸಿ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಚಳಿಗಾಲವಿಡೀ ನಾವು ಅದನ್ನೇ ಮಾಡಿದೆವು. ಬ್ರೇಕ್ ಬಿಚ್ಚಿ ಹೊಸ ರಬ್ಬರ್ ಹಾಕಿದೆವು, ಸೋರುತ್ತಿದ್ದ ರೇಡಿಯೇಟರ್ ಬದಲಿಸಿದೆವು, ಕೊನೆಗೆ ಮುಂದಿನ ಕಮಾನು ಪಟ್ಟಿಗಳನ್ನೂ ಎತ್ತರಿಸಿದೆವು. ಆಂಟಿಯ ಉಗುರುಗಳ ಸಂದಿ ಕಪ್ಪಾಗಿ, ಚರ್ಚಿಗೆ ಹೋಗುವ ಮೊದಲು ನಿಂಬೆಹಣ್ಣಿನಿಂದ ತಿಕ್ಕುತ್ತಿದ್ದರು. ಕೆಲಸದ ನಡುವೆ ಅವರು ಗಾಡಿಯ ಕೆಳಗಿಂದಲೇ ಕೊಂಕಣಿಯಲ್ಲಿ ಏನೋ ಕೇಳುವರು, ಅಂಕಲ್ ತಡವರಿಸಿ ತಡವರಿಸಿ ಏನೋ ಹೇಳುವರು. ಒಂದು ದಿನ ಅಂಕಲ್ ಬಾಗಿಲ ಕೆಳಗಿನ ಮೆಟ್ಟಿಲನ್ನು ಕೋಲಿನಿಂದ ತಟ್ಟಿ ತೋರಿಸಿದರು. ಆಂಟಿ ಅದರ ಮೇಲೆ ಕಾಲಿಟ್ಟು ಸಲೀಸಾಗಿ ಹತ್ತಿ ಕುಳಿತು, ರಾಣಿಯ ಹಾಗೆ ಕೈ ಬೀಸಿದರು. ಅಂಕಲ್‌ರ ಕಣ್ಣು ತುಂಬಿತು.

ಗಾಡಿ ನಾಲ್ಕು ಕಾಲಿನ ಮೇಲೆ ಸಮನಾಗಿ ನಿಂತಿತು, ಎಂಜಿನ್ ಹೊಗೆ ಕಾರಿ ಶುರುವಾಯಿತು. ಮತ್ತೆ ರಸ್ತೆಗಿಳಿಸಲು ತಪಾಸಣೆಯಾಗಬೇಕು. ತಾತ್ಕಾಲಿಕ ಪರವಾನಗಿ ತೆಗೆದುಕೊಂಡು ನಾನೇ ಓಡಿಸಿಕೊಂಡು ಹೋದೆ, ಆಂಟಿ ಪಕ್ಕದಲ್ಲಿ. ತಪಾಸಣೆ ಮಾಡಿದವನು ಒಳ್ಳೆಯ ಮನುಷ್ಯ. ಎಲ್ಲವನ್ನೂ ಬಗ್ಗಿ ನೋಡಿ, ಕೆಲಸ ಚೆನ್ನಾಗಿದೆ ಅಂತ ಹೊಗಳಿದ. ಆಮೇಲೆ ತಲೆ ಕೆರೆದುಕೊಂಡ. ಗಾಡಿ ಮಿತಿಗಿಂತ ಎತ್ತರವಾಗಿದೆ, ಟ್ರೇ ಅಗಲ ಹೆಚ್ಚಾಗಿದೆ, ಮನೆಯಲ್ಲಿ ಕೂರಿಸಿದ ಸೀಟು ಸುರಕ್ಷಿತ ಎಂದು ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ. ಕಂಪನಿಯಿಂದ ಬಂದಾಗ ಇದ್ದ ಹಾಗೆ ಮಾಡಿ ತನ್ನಿ, ಪಾಸಾಗುತ್ತದೆ ಎಂದ.

ಮನೆಗೆ ಬಂದು ಆಂಟಿ ಅಂಕಲ್‌ರ ಮುಂದೆ ಕುಳಿತು ಎಲ್ಲವನ್ನೂ ಹೇಳಿದರು. ನಾನೂ ಅಲ್ಲೇ ಇದ್ದೆ, ಹಾಗಾಗಿ ಕನ್ನಡದಲ್ಲೇ ಹೇಳಿದರು.

"ನೋಡಿ, ಹೀಗೆ ಇಟ್ರೆ ಇದು ಗ್ಯಾರೇಜಿನಿಂದ ಹೊರಗೆ ಹೋಗುದಿಲ್ಲ. ಇಷ್ಟು ಎತ್ತರಕ್ಕೆ ಈಗ ನಿಮಗೆ ಹತ್ಲಿಕ್ಕೂ ಆಗುದಿಲ್ಲ. ಇಳಿಸಿದ್ರೆ ನಿಮ್ಮನ್ನು ಕೂರಿಸಿಕೊಂಡು ಸಮುದ್ರದವರೆಗಾದ್ರೂ ಹೋಗ್ಬಹುದು. ಎಂತ ಮಾಡುವ?"

ಅಂಕಲ್ ನೆಲ ನೋಡುತ್ತಾ ಕುಳಿತಿದ್ದರು. ಆಂಟಿ ಸ್ವಲ್ಪ ಕಾದರು. ನಂತರ ಅವರ ಮಂಡಿ ತಟ್ಟಿ, "ಆಯ್ತು, ಇಳಿಸುವ," ಎಂದು ಎದ್ದರು. ನನಗೂ ಅದೇ ಸರಿ ಅನ್ನಿಸಿತು. ಓಡದ ಗಾಡಿ ಯಾಕೆ?

ಕಟ್ಟುವುದಕ್ಕೆ ಚಳಿಗಾಲ ಪೂರ್ತಿ ಬೇಕಾಗಿತ್ತು, ಬಿಚ್ಚುವುದು ಬೇಗ ಮುಗಿಯಿತು. ರೈತ ಕೊಟ್ಟ ಮೂಲ ಟ್ರೇ ಬೇಲಿಯ ಪಕ್ಕ ಒರಗಿಕೊಂಡೇ ಇತ್ತು, ಹಳೆಯ ಉದ್ದನೆಯ ಸೀಟು ಶೆಡ್ಡಿನಲ್ಲಿತ್ತು. ಎದುರು ಮನೆಯ ಇಬ್ಬರು ಗಂಡಸರು ಬಂದು ಅಂಕಲ್ ಕಟ್ಟಿದ ಟ್ರೇಯನ್ನು ಎತ್ತಿ ಕೆಳಗಿಟ್ಟರು. ಗಾಡಿ ಇಳಿದ ಮೇಲೆ ಮೆಟ್ಟಿಲು ನೆಲಕ್ಕೆ ತಾಗುವಷ್ಟು ತಗ್ಗಾಯಿತು. ಅದನ್ನು ಕತ್ತರಿಸುವ ಯಂತ್ರದಿಂದ ಆಂಟಿಯೇ ಕೊಯ್ದರು, ನಾನು ಕಿಡಿ ಸಿಡಿಯದಂತೆ ಹಲಗೆ ಹಿಡಿದಿದ್ದೆ. ಅಂಕಲ್ ಆ ದಿನಗಳಲ್ಲೂ ಕುರ್ಚಿಯಲ್ಲಿ ಬಂದು ಕೂರುತ್ತಿದ್ದರು. ಆದರೆ ಕೋಲು ತೊಡೆಯ ಮೇಲೆ ಅಡ್ಡ ಮಲಗಿರುತ್ತಿತ್ತು. "ಇನ್ನೂ" ಅನ್ನಲಿಲ್ಲ, "ಸಾಕು" ಅನ್ನಲಿಲ್ಲ. ಆಯಾಸವಾಗಿರಬೇಕು ಅಂದುಕೊಂಡೆವು.

ಆ ವಾರ ನಮ್ಮ ಬೀದಿಯಲ್ಲಿ ಹಳೆಯ ಸಾಮಾನು ಹೊರಗಿಡುವ ಸರದಿ. ಜನ ಬೇಡದ್ದನ್ನೆಲ್ಲ ಮನೆಯ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ, ಇಲ್ಲಿನ ಪುರಸಭೆಯಾದ ಕೌನ್ಸಿಲ್‌ನವರು ಬಂದು ಒಯ್ಯುತ್ತಾರೆ. ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ರೇ, ಸೀಟು, ಎತ್ತರಿಸಲು ಹಾಕಿದ್ದ ಕಬ್ಬಿಣದ ತುಂಡುಗಳು, ಆ ಮೆಟ್ಟಿಲು, ಎಲ್ಲವನ್ನೂ ಎಳೆದು ಹೊರಗಿಟ್ಟೆವು. ಕೌನ್ಸಿಲ್ ಬರುವ ಮೊದಲೇ ಗುಜರಿ ಹೆಕ್ಕುವವರು ಬಂದು ಕಬ್ಬಿಣವನ್ನೆಲ್ಲ ತಮ್ಮ ಟ್ರೈಲರಿಗೆ ತುಂಬಿಕೊಂಡರು. ಆಂಟಿ ಅವರಿಗೆ ಥ್ಯಾಂಕ್ಸ್ ಕೂಡ ಹೇಳಿದರು.

ಗಾಡಿ ಪಾಸಾಯಿತು. ಒಂದು ಭಾನುವಾರ ಚರ್ಚ್ ಮುಗಿದ ಮೇಲೆ ಮೂವರೂ ಹೊರಟೆವು. ಅಂಕಲ್ ಕಿಟಕಿಯ ಬದಿಗೆ, ಆಂಟಿ ನಡುವೆ, ನಾನು ಸ್ಟೀರಿಂಗ್‌ನಲ್ಲಿ. ಆಂಟಿ ಹಂದಿ ಮಾಂಸದ ಸಾರು, ಇಡ್ಲಿಯಂಥ ಸನ್ನ ಕಟ್ಟಿಕೊಂಡಿದ್ದರು. ದಕ್ಷಿಣಕ್ಕೆ ಹೋಗುವ ಹೆದ್ದಾರಿ ಬಿಟ್ಟು ಕಡಲ ಬದಿಯ ರಸ್ತೆಗೆ ತಿರುಗಿದಾಗ ನೀರು ಕಾಣಿಸಿತು. ಆಂಟಿ ಖುಷಿಯಿಂದ, "ಹೇಗುಂಟು ನಿಮ್ಮ ಗಾಡಿ?" ಎಂದು ಕೇಳಿದರು.

ಅಂಕಲ್ ಸೀಟನ್ನು ಎಡಗೈಯಿಂದ ಸವರಿದರು. ಕಿಟಕಿಯಿಂದ ಕೆಳಗೆ ಬಾಗಿ ನೆಲ ನೋಡಿದರು.

"ಇದು... ಯಾರ ಗಾಡಿ?" ಎಂದರು.

ಕಾಯಿಲೆಯಿಂದ ಮರೆವು ಬಂತೇನೋ ಎಂದು ಆಂಟಿ ಗಾಬರಿಯಾದರು. "ನಿಮ್ಮದೇ ಅಲ್ವಾ, ನೀವೇ ತಂದದ್ದು, ನೆನಪಿಲ್ವಾ?"

ಅಂಕಲ್ ಹಾಗಲ್ಲ ಎಂದು ತಲೆಯಲ್ಲಾಡಿಸಿದರು. ಪದಗಳಿಗಾಗಿ ಬಹಳ ಹೊತ್ತು ತಡಕಾಡಿದರು. "ಅದು ಓಡದಿದ್ರೂ... ಇರ್ಲಿ ಅಂತ ಇತ್ತು ನಂಗೆ."

ನಾನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದೆ. ಆಂಟಿ ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನೇ ನೋಡುತ್ತಾ ಕುಳಿತಿದ್ದರು. ಆಮೇಲೆ, "ಆವತ್ತೇ ಹೇಳ್ಬಾರ್ದಿತ್ತಾ?" ಎಂದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ. ಒಂದು ಮಾತು ಹೇಳಲು ಅಂಕಲ್‌ಗೆ ಎಷ್ಟು ಹೊತ್ತು ಬೇಕಾಗುತ್ತದೆ ಎಂದು ನಾವು ಆಗಷ್ಟೇ ಕಣ್ಣಾರೆ ನೋಡಿದ್ದೆವು. ಆ ದಿನ ಮನೆಯಲ್ಲಿ ಆಂಟಿ ಕಾದದ್ದು ಅದರ ಅರ್ಧವೂ ಇರಲಿಲ್ಲ.

ಮಾರನೆಯ ದಿನದಿಂದ ನಾನೂ ಆಂಟಿಯೂ ಸುತ್ತಲಿನ ಗುಜರಿ ಯಾರ್ಡ್‌ಗಳನ್ನು ಹುಡುಕಿದೆವು. ಹಸಿರು ಬಣ್ಣದ ಅಗಲದ ಟ್ರೇ, ಮೂಲೆಗಳಲ್ಲಿ ದುಂಡಗಿನ ವೆಲ್ಡಿಂಗ್, ಎಂದು ಆಂಟಿ ಎಲ್ಲರಿಗೂ ಕೈಯಲ್ಲಿ ಅಳತೆ ತೋರಿಸಿ ಹೇಳುತ್ತಿದ್ದರು. ಒಂದು ಯಾರ್ಡ್‌ನಲ್ಲಿ ಕೆಲಸದವನು ನಮ್ಮನ್ನು ಜಜ್ಜಿದ ಕಬ್ಬಿಣದ ಗುಡ್ಡೆಯ ಬಳಿ ಕರೆದೊಯ್ದು, ಬಂದದ್ದೆಲ್ಲ ಹೀಗೇ ಆಗುತ್ತದೆ ಎಂದ. ಗುಡ್ಡೆಯಲ್ಲಿ ಹಸಿರು ಎಲ್ಲೆಲ್ಲೂ ಇತ್ತು. ಯಾವುದು ನಮ್ಮದು ಅಂತ ಹೇಳುವುದು? ಆಂಟಿ ಅಲ್ಲಿಂದ ನೇರ ಹೊರಗೆ ನಡೆದರು. ಹುಡುಕುವುದು ಅಲ್ಲಿಗೆ ನಿಂತಿತು.

ಆ ಯೂಟ್ ಮತ್ತೆ ಹೆಚ್ಚು ಓಡಲಿಲ್ಲ. ಅಂಕಲ್ ಗ್ಯಾರೇಜಿನ ಬಾಗಿಲಿಗೆ ಬಂದು ಕೂರುವುದನ್ನು ನಿಲ್ಲಿಸಿದರು. ಮರುವರ್ಷ ಮಗಳು ಬಂದು ಇಬ್ಬರನ್ನೂ ಅಡಿಲೇಡ್‌ಗೆ ಕರೆದುಕೊಂಡು ಹೋದಳು, ವಿಮಾನದಲ್ಲಿ. ಗಾಡಿಯನ್ನು ತೋಟದ ಕೆಲಸ ಮಾಡುವವನೊಬ್ಬ ಕೊಂಡ. ನನ್ನ ಓದು ಮುಗಿದಿತ್ತು, ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಆಫೀಸಿನ ಗಡಿಬಿಡಿಯಲ್ಲಿ ದಿನಗಳು ಓಡಿದವು. ಆಂಟಿಗೆ ಫೋನ್ ಮಾಡಿದಾಗಲೆಲ್ಲ, "ಮಾತಾಡು," ಎಂದು ಅಂಕಲ್‌ರ ಕಿವಿಗೆ ಹಿಡಿಯುತ್ತಿದ್ದರು. ನಾನು ಏನಾದರೂ ಹೇಳಿ, ಅವರ ಉಸಿರಾಟ ಕೇಳುತ್ತಾ ಕಾಯುತ್ತಿದ್ದೆ. ಕಾಯುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಕೆಲವೊಮ್ಮೆ ಒಂದು ಪದ ಬರುತ್ತಿತ್ತು. ಯೂಟ್‌ನ ವಿಷಯವನ್ನು ನಾನೂ ಆಂಟಿಯೂ ಎತ್ತಲಿಲ್ಲ.

ಅಂಕಲ್ ತೀರಿಕೊಂಡ ಸುದ್ದಿ ಬಂದಾಗ ನನಗೆ ಹೋಗಲಾಗಲಿಲ್ಲ. ಕೆಲವು ತಿಂಗಳ ನಂತರ ಅಡಿಲೇಡ್‌ಗೆ ಹೋದೆ. ಆಂಟಿ ಮಗಳ ಜೊತೆ ಗ್ಲೆನೆಲ್ಗ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದರು. ಚಹಾ ಕುಡಿದು, ಅವರ ಮೊಮ್ಮಗಳನ್ನೂ ಕರೆದುಕೊಂಡು, ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ಕಡೆ ನಡೆದೆವು. ಆಂಟಿಯ ಮೊಣಕಾಲು ಇನ್ನೂ ಹದಗೆಟ್ಟಿತ್ತು, ನನ್ನ ತೋಳು ಹಿಡಿದುಕೊಂಡಿದ್ದರು. ಮೊಮ್ಮಗಳು ಮುಂದೆ ಓಡುತ್ತಾ, ಅಜ್ಜಿ ಕೊಂಕಣಿಯಲ್ಲಿ ಕರೆದರೆ ಇಂಗ್ಲಿಷಿನಲ್ಲಿ "ಕಮಿಂಗ್" ಎನ್ನುತ್ತಿದ್ದಳು.

ಜೆಟ್ಟಿಯ ಬೆಂಚಿನ ಮೇಲೆ ಕುಳಿತ ಮೇಲೆ ಆಂಟಿಯೇ ಯೂಟ್‌ನ ಮಾತು ತೆಗೆದರು.

"ನಲವತ್ತು ವರ್ಷ ಅವರು ಸುಮ್ಮನಿದ್ರೆ ಒಪ್ಪಿದ್ರು ಅಂತಲೇ ಅರ್ಥ. ಬೇಡ ಅಂತ ಇದ್ರೆ ಎದ್ದು ಗ್ಯಾರೇಜಿಗೆ ಹೋಗಿಬಿಡ್ತಿದ್ರು, ನನಗೆ ಗೊತ್ತಾಗ್ತಿತ್ತು. ಆವತ್ತು ಗಾಡಿ ಇಳಿಸುವ ಅಂದಾಗ ಎದ್ದು ಹೋಗ್ಲಿಕ್ಕೆ ಅವರಿಗೆ ಕಾಲೇ ಇರ್ಲಿಲ್ಲ ನೋಡು. ನನಗೆ ಅದು ಹೊಳೀಲೇ ಇಲ್ಲ."

"ನೀವು ಅವರಿಗೋಸ್ಕರಾನೇ ಮಾಡಿದ್ದು ಆಂಟಿ," ಎಂದೆ.

"ಹೌದು, ಅವರಿಗೋಸ್ಕರವೇ," ಎಂದರು. ಅದರಿಂದ ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ನನಗೂ ಆಗಿರಲಿಲ್ಲ. ಗಾಳಿ ಜೋರಾಯಿತು. ಮೊಮ್ಮಗಳು ಐಸ್‌ಕ್ರೀಮ್ ಕೇಳುತ್ತಾ ಬಂದಳು. ಆಂಟಿ ನನ್ನ ತೋಳು ಹಿಡಿದು ನಿಧಾನವಾಗಿ ಎದ್ದರು.