ಕಲ್ಯಾಣಪ್ಪನ ಪಕ್ಕಾ ಬಣ್ಣ

ಸೊಲ್ಲಾಪುರದ ನಮ್ಮ ಗಲ್ಲಿಯಲ್ಲಿ ಎಡಗೈ ಬೆರಳುಗಳು ಸದಾ ನೀಲಿಯಾಗಿರುವ ಮನುಷ್ಯ ಒಬ್ಬನೇ, ಕಲ್ಯಾಣಪ್ಪ. ಮದುವೆ ಊಟಕ್ಕೆ ಕೂತರೆ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ. ಹೆಂಡತಿ ರತ್ನಾಬಾಯಿಯ ಕಟ್ಟಪ್ಪಣೆ ಅದು. ನಾನು ಅವನ ಪಕ್ಕದ ಮನೆಯವನು. ಕರಜಗಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದೆ, ತಪ್ಪು ಕಂಡರೆ ಕೆಂಪು ಪೆನ್ನು ಹಿಡಿಯುವ ಚಟ ಮಾತ್ರ ಬಿಟ್ಟಿಲ್ಲ. ಆದ್ದರಿಂದ ಇವನನ್ನು ಹೊಗಳಲು ಕೂತಿದ್ದೇನೆಂದು ಯಾರೂ ತಿಳಿಯಬೇಡಿ.

ಅವರದು ಬಣ್ಣದ ಅಂಗಡಿಯ ಮನೆತನ. ಚಾದರ ನೇಯುವವರಿಗೆ ನೂಲಿನ ಬಣ್ಣ ಮಾರುತ್ತಾರೆ. ಅಜ್ಜನ ಕಾಲದಿಂದ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಬಣ್ಣ ಕೊಡುವಾಗ, ಅದರಲ್ಲಿ ಅದ್ದಿದ ಬಟ್ಟೆಯ ತುಂಡನ್ನು ಸಾಬೂನು ನೀರಿನಲ್ಲಿ ತಿಕ್ಕಿ ತೋರಿಸಿ, ಕತ್ತರಿಯಿಂದ ಎರಡು ಮಾಡಿ, ಅರ್ಧ ಗಿರಾಕಿಗೆ, ಅರ್ಧ ಅಂಗಡಿಯ ಟ್ರಂಕಿಗೆ. ಮುಂದೆ ಬಣ್ಣ ಹೋಯಿತೆಂದು ತಕರಾರು ಬಂದರೆ ಎರಡೂ ಅರ್ಧ ಜೋಡಿಸಿ ಚಾದರದ ಪಕ್ಕ ಇಟ್ಟು ನೋಡುವುದು. ಹೋಗಿದ್ದರೆ ಮರುಮಾತಿಲ್ಲದೆ ಬದಲಿ. ‘ಪಕ್ಕಾ’ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಸುಮ್ಮನೆ ಆಡುತ್ತಿರಲಿಲ್ಲ.

ಅಂಗಡಿಯನ್ನು ಮಗ ಯೋಗಿರಾಜನಿಗೆ ಬಿಟ್ಟು ಕಲ್ಯಾಣಪ್ಪ ಮಾಳಿಗೆಯ ಖೋಲಿ ಸೇರಿದ. ಅಲ್ಲಿ ಮಗ ಬಿಸಾಡಲು ಇಟ್ಟಿದ್ದ ಹಳೆ ಪ್ರಿಂಟರ್ ಒಂದಿತ್ತು. ಅದರ ಶಾಯಿಯ ಡಬ್ಬಿ ಮಾಡುವುದನ್ನು ಕಂಪನಿಯೇ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಇವನಿಗೆ ಅಷ್ಟೇ ಬೇಕಿತ್ತು. ಖಾಲಿ ಡಬ್ಬಿಗೆ ತೂತು ಕೊರೆದ, ಪೇಟೆಯಲ್ಲಿ ಸಿಕ್ಕ ನೀಲಿ, ಗುಲಾಬಿ, ಹಳದಿ ಬಾಟಲಿ ಶಾಯಿಗಳನ್ನು ಹನಿ ಲೆಕ್ಕದಲ್ಲಿ ಬೆರೆಸಿದ, ಡಾಕ್ಟರ ಸೂಜಿಯಿಂದ ತುಂಬಿದ. ಮೊದಮೊದಲು ಎಲ್ಲರ ಮುಖವೂ ಬದನೆಕಾಯಿಯ ಬಣ್ಣಕ್ಕೆ ಬಂತು. ನನ್ನ ಫೋಟೋದಲ್ಲಿ ನಾನು ಸತ್ತು ಮೂರು ದಿನವಾದವನ ಹಾಗಿದ್ದೆ, ಅದನ್ನು ಮುಖದ ಮೇಲೆಯೇ ಹೇಳಿದೆ. ಅವನಿಗೆ ಬೇಜಾರೇ ಇಲ್ಲ. “ಹಳದಿ ಎರಡು ಹನಿ ಕಡಿಮಿ ಬಿದ್ದೈತ್ರಿ ಗುರುಜಿ” ಅಂದ.

ವರ್ಷದೊಳಗೆ ಕೈ ಕೂತಿತು. ಆ ಖೋಲಿಯ ಮಧ್ಯಾಹ್ನಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ಕಿಟಕಿಗೆ ಪರದೆಯಾಗಿ ನವಿಲಿನ ಚಾದರ. ಬಿಸಿಲು ಅದರೊಳಗಿಂದ ಸೋಸಿ ಬಂದು ಗೋಡೆ, ಬಾಟಲಿ, ಕಲ್ಯಾಣಪ್ಪನ ಬೋಳುತಲೆ ಎಲ್ಲದರ ಮೇಲೂ ಹಸಿರು ಕೆಂಪು ಹರಡುತ್ತಿತ್ತು. ಪ್ರಿಂಟರ್ ಅತ್ತ ಒಮ್ಮೆ ಇತ್ತ ಒಮ್ಮೆ ಸರಿಯುವ ಸದ್ದಿಗೆ ನನ್ನ ಕಣ್ಣು ಎಳೆಯುತ್ತಿತ್ತು. ತೆರೆದರೆ ಕಾಗದದ ಮೇಲೆ ಬರೀ ಆಕಾಶ. ಮತ್ತೆ ತೆರೆದರೆ ಒಂದು ಹಣೆ, ಆಮೇಲೆ ಹುಬ್ಬು. ಯಾರೋ ದೂರದ ಊರಿಂದ ಅವಸರವಿಲ್ಲದೆ ನಡೆದು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಎಚ್ಚರಿದ್ದೇನೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ.

ಸಿದ್ರಾಮ ಬಂದದ್ದೂ ಹಾಗೆಯೇ. ಸಿದ್ರಾಮ ಕರಜಗಿಯ ಕುರಿಗಾರ, ಕುರಿಗಾರರ ದೇವರು ಬಿರೋಬನ ಭಕ್ತ. ತೀರಿಕೊಂಡು ಹದಿನೈದು ದಿನಕ್ಕೆ ಅವನ ಹೆಂಡತಿ ಸಕ್ಕುಬಾಯಿ, ಮಗಳು ಸೋನಾಲಿ ನನ್ನನ್ನು ಹುಡುಕಿಕೊಂಡು ಬಂದರು. ಆತನದು ಅಂತ ಇದ್ದದ್ದು ಒಂದೇ ಫೋಟೋ, ಸೋನಾಲಿಯ ಮೊಬೈಲಿನಲ್ಲಿ. ಕೆಂಪು ರುಮಾಲು, ಹೆಗಲ ಮೇಲೆ ಕುರಿಮರಿ, ಬಿಸಿಲಿಗೆ ಕಿರಿದು ಮಾಡಿದ ಕಣ್ಣು. ಇಬ್ಬರನ್ನೂ ಮಾಳಿಗೆಗೆ ಕರೆದೊಯ್ದೆ. ಆಕಾಶ ಬಂತು, ರುಮಾಲು ಬಂತು, ಹಣೆ ಬಂತು. ಸಕ್ಕುಬಾಯಿ ಉಸಿರು ಹಿಡಿದು ನಿಂತಿದ್ದಳು. ಕಣ್ಣು ಬಂದಾಗ, “ಬಂದ್ರು” ಅಂದಳು.

ಆಮೇಲೆ ಕೇಳಿದಳು, “ಇದು ಹೋಗಂಗಿಲ್ಲಲ್ರಿ ಸಾವಕಾರ್ರ?”

ಕಲ್ಯಾಣಪ್ಪ ಅದೇ ಫೋಟೋದ ಅಂಗೈಯಗಲದ ಇನ್ನೊಂದು ಪ್ರತಿ ತೆಗೆದು ಸಾಬೂನು ನೀರಿನಲ್ಲಿ ಮುಳುಗಿಸಿ ಹೆಬ್ಬೆರಳಿನಿಂದ ತಿಕ್ಕಿದ. ಬಣ್ಣ ಕದಲಲಿಲ್ಲ. ಒರೆಸಿ, ಮೂಗಿನ ನೇರಕ್ಕೆ ಕತ್ತರಿಸಿ, ಅರ್ಧ ಆಕೆಯ ಕೈಗಿಟ್ಟ. ಇನ್ನರ್ಧಕ್ಕೆ ತಾರೀಖು ಬರೆದು, ಅಂಗಡಿಯಿಂದ ಮಾಳಿಗೆಗೆ ತಂದಿಟ್ಟಿದ್ದ ಟ್ರಂಕಿಗೆ ಹಾಕಿದ. “ಪಕ್ಕಾ” ಅಂದ. ಕಂಪ್ಯೂಟರಿನಲ್ಲಿದ್ದ ಫೋಟೋವನ್ನು ಅಲ್ಲೇ ಅಳಿಸಿದ. ಮಂದಿಯ ಮುಖ ನಮ್ಮ ಹತ್ತಿರ ಯಾಕೆ ಎಂಬುದು ಅವನ ನೇಮ.

ಬಣ್ಣದ ಮನೆಯಲ್ಲಿ ಹುಟ್ಟಿದವನು ಎಡವಿದ್ದು ಇಲ್ಲೇ. ಚಾದರಕ್ಕೆ ನೀರು ವೈರಿ, ನೀರನ್ನು ಗೆದ್ದರೆ ಎಲ್ಲ ಗೆದ್ದಂತೆ ಎಂದುಕೊಂಡಿದ್ದ. ಗೋಡೆಯ ಮೇಲಿನ ಫೋಟೋವನ್ನು ಯಾರು ಒಗೆಯುತ್ತಾರೆ? ಅದಕ್ಕೆ ವೈರಿ ಬಿಸಿಲು. ನನಗೂ ಆಗ ಹೊಳೆಯಲಿಲ್ಲ, ಹೊಳೆದಿದ್ದರೆ ಬಿಡುತ್ತಿದ್ದೆನೇ?

ಮೂರು ವರ್ಷ ಕಳೆದವು. ಈ ಸಂಕ್ರಾಂತಿಯ ಮರುವಾರ ಯಾವುದೋ ಪರೀಕ್ಷೆಗೆ ಸೊಲ್ಲಾಪುರಕ್ಕೆ ಬಂದ ಸೋನಾಲಿ ಮಾಳಿಗೆ ಹತ್ತಿ ಬಂದಳು. “ಕಾಕಾ, ಅಪ್ಪ ಪೂರ್ತಿ ಹಳದಿ ಆಗ್ಯಾನ್ರಿ! ಬಿರೋಬಾ ಭಂಡಾರ ಹಚ್ಚ್ಯಾನಂತ ಊರ ಮಂದಿ ಬಂದು ಕೈ ಮುಗ್ಯಾಕತ್ತಾರ.” ಭಂಡಾರವೆಂದರೆ ಬಿರೋಬನ ಅರಿಶಿನ, ಭಕ್ತರು ಹಣೆಗೆ ಹಚ್ಚಿಕೊಂಡು ಮುಗಿಲಿಗೆ ತೂರುವುದು ಅದನ್ನೇ.

ಕಲ್ಯಾಣಪ್ಪನ ಮುಖ ಇಳಿಯಿತು. “ಮೊಬೈಲ್‌ನಾಗ ಐತೇನವ್ವಾ ಆ ಫೋಟೋ?”

“ಹೋದ ವರ್ಷನ ಬಾವ್ಯಾಗ ಬಿತ್ರಿ ಮೊಬೈಲು.”

ಅವಳು ಹೋದ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. “ಸುಮ್ಮನ ಕೂಡು” ಅಂದೆ ನಾನು. “ಗಂಡ ದೇವರಿಗಿ ಮುಟ್ಯಾನಂತ ಆಕಿ ಆನಂದದಾಗ ಅದಾಳ. ನೀ ಹೋಗಿ ಶಾಯಿ ಹೋಗೈತಿ ಅಂದ್ರ ಆತ ಎರಡನೇ ಸಲ ಸತ್ತಂಗ.”

“ಇನ್ನೊಂದು ವರ್ಷಕ್ಕ ಹಳದೀನೂ ಹೋಗತೈತ್ರಿ ಗುರುಜಿ. ಆವಾಗ ಆಕಿ ಏನ್ ನೋಡಬೇಕು? ನಾ ಪಕ್ಕಾ ಅಂದೀನಿ.”

ಮರುದಿನ ಬೆಳಿಗ್ಗೆ ಅಕ್ಕಲಕೋಟೆಯಲ್ಲಿ ಎಸ್‌ಟಿ ಬಸ್ಸು ಬದಲಿಸಿ ಕರಜಗಿಗೆ ಹೋದೆವು. ದಾರಿಯುದ್ದಕ್ಕೂ ಕಲ್ಯಾಣಪ್ಪ ಟ್ರಂಕಿನ ಅರ್ಧವನ್ನು ನೋಟ್‌ಬುಕ್ಕಿನಿಂದ ತೆಗೆಯುವುದು, ನೋಡುವುದು, ಇಡುವುದು. ಒಂದು ಕಣ್ಣು, ಅರ್ಧ ಮೀಸೆ, ಮರಿಯ ಎರಡು ಕಾಲು. ಸಕ್ಕುಬಾಯಿಯ ಹತ್ತಿರ ಇನ್ನರ್ಧ ಇರಲಾರದು, ಮೂರು ವರ್ಷ ಒಂದು ಚೂರು ಕಾಗದವನ್ನು ಯಾರು ಜೋಪಾನ ಮಾಡುತ್ತಾರೆ?

ಮೂಡಣ ದಿಕ್ಕಿನ ಬಿಸಿಲಿಗೆ ಸರಿಯಾಗಿ, ಪಡಸಾಲೆಯ ಗೋಡೆಗೆ ಫೋಟೋ ತೂಗುಹಾಕಿದ್ದರು. ಆಕಾಶ ಹಳದಿ, ರುಮಾಲು ಹಳದಿ, ಮರಿ ಹಳದಿ. ಕಣ್ಣಿದ್ದ ಜಾಗದಲ್ಲಿ ಏನೂ ಇಲ್ಲ. ನಿಜ ಹೇಳಬೇಕೆಂದರೆ ಚೆಂದವಿತ್ತು. ಅಂದು ನಡೆದು ಬಂದವನು ಇಂದು ಭಂಡಾರದ ಧೂಳಿನಲ್ಲಿ ತಿರುಗಿ ನಡೆದು ಹೋಗುತ್ತಿದ್ದ. ನನಗೂ ಕೈ ಮುಗಿಯಬೇಕೆನ್ನಿಸಿತು.

ಕಲ್ಯಾಣಪ್ಪ ಕೈ ಮುಗಿದದ್ದು ಸಕ್ಕುಬಾಯಿಗೆ. “ಇದು ಭಂಡಾರ ಅಲ್ಲವ್ವಾ, ನನ್ನ ಶಾಯಿ. ನೀಲಿ ಹೋತು, ಗುಲಾಬಿ ಹೋತು, ಹಳದಿ ಅಷ್ಟ ಉಳದೈತಿ. ನಾ ಪಕ್ಕಾ ಅಂದಿದ್ದೆ. ತಪ್ಪಾತು.”

ಆಕೆ ಗೋಡೆಯ ಫೋಟೋದ ಕಡೆ ತಿರುಗಿದಳು. ಹಟ್ಟಿಯಲ್ಲಿ ಮರಿಯೊಂದು ಅರಚುತ್ತಿತ್ತು. ನನಗೆ ಕಲ್ಯಾಣಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು.

“ಶಾಯಿ ಹೋದ ಜಾಗಾದಾಗ ಬಿರೋಬಾ ಬರಬಾರದೇನ್ರಿ?” ಅಂದಳು ಕೊನೆಗೆ. “ಅದು ದೇವರ ಜಗಲಿ ಮ್ಯಾಲ ಇರ್ಲಿ. ಆದ್ರ ಸಾವಕಾರ್ರ, ಆರು ತಿಂಗಳಾತು ನನಗ ಅವರ ಕಣ್ಣು ಕಾಣವಲ್ದು. ಯಾರ ಮುಂದ ಹೇಳ್ಲಿ? ನೋಡಿದವರೆಲ್ಲಾ ಕೈ ಮುಗ್ಯಾಕತ್ತಾರ.”

ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ಸೊಂಟದ ಚಂಚಿ ಬಿಚ್ಚಿದಳು. ಎಲೆ, ಅಡಿಕೆಗಳ ಕೆಳಗಿಂದ ಪ್ಲಾಸ್ಟಿಕ್ ಕಾಗದದ ಒಂದು ಮಡಿಕೆ ಹೊರಬಂತು. “ನಿಮ್ಮ ಅರ್ಧ ತಂದೀರೇನು?”

ಕಲ್ಯಾಣಪ್ಪನ ನೀಲಿ ಬೆರಳುಗಳು ನೋಟ್‌ಬುಕ್ಕಿನಿಂದ ಟ್ರಂಕಿನ ಅರ್ಧವನ್ನು ಹೊರತೆಗೆದವು. ಕಂಬಳಿಯ ಮೇಲೆ ಎರಡೂ ಅರ್ಧಗಳನ್ನು ಅಂಚಿಗೆ ಅಂಚು ಸೇರಿಸಿದ. ಚಂಚಿಯ ಕತ್ತಲೂ ಟ್ರಂಕಿನ ಕತ್ತಲೂ ಸಮನಾಗಿ ಕಾಪಾಡಿದ್ದವು. ರುಮಾಲು ಕೆಂಪಗೆ, ಆಕಾಶ ನೀಲಿಯಾಗಿ, ಎರಡೂ ಕಣ್ಣು ನಮ್ಮನ್ನೇ ನೋಡಿದವು. ಸಕ್ಕುಬಾಯಿ ಕಂಬಳಿಯತ್ತ ಬಾಗಿದಳು. ಈ ಸಲ “ಬಂದ” ಅಂದವನು ನಾನು.

ಎರಡೂ ಅರ್ಧಗಳನ್ನು ಸೊಲ್ಲಾಪುರಕ್ಕೆ ತಂದು ಸ್ಕ್ಯಾನ್ ಮಾಡಿಸಿ, ವಾರವಿಡೀ ಹನಿ ಬೆರೆಸಿ ಕಲ್ಯಾಣಪ್ಪ ಹೊಸ ಫೋಟೋಕ್ಕೆ ಶಾಯಿ ಸಿದ್ಧ ಮಾಡಿದ. ಸಕ್ಕುಬಾಯಿ ತಾನೇ ಬಂದು ನವಿಲಿನ ಚಾದರದ ಬಿಸಿಲಿನಲ್ಲಿ ಕೂತು, ಆಕಾಶದಿಂದ ಮರಿಯ ಗೊರಸಿನವರೆಗೆ ಅದು ಮೂಡಿ ಬರುವುದನ್ನು ನೋಡಿದಳು. ಮೂಗಿನ ನೇರಕ್ಕೆ ಕೂದಲಷ್ಟು ಗೆರೆ ಉಳಿದಿತ್ತು. ಅಳಿಸುತ್ತೇನೆಂದ, ಬೇಡವೆಂದಳು.

“ಇದು ಹೋಗಂಗಿಲ್ಲಲ್ರಿ?”

ಕಲ್ಯಾಣಪ್ಪ ಒಮ್ಮೆ ಟ್ರಂಕಿನ ಕಡೆ ನೋಡಿದ. “ಹೋಗತೈತವ್ವಾ. ಬಿಸಿಲಿಗಿ ಇಟ್ಟರ ಲಗೂ, ನೆರಳಿಗಿ ಇಟ್ಟರ ತಡಾ. ಹೋದಾಗ ಬಾ. ಈ ಸಲ ಕಂಪ್ಯೂಟರ್‌ನಾಗೂ ಇಟ್ಟೀನಿ.”

ಆಕೆ ತಲೆಯಾಡಿಸಿದಳು. ಫೋಟೋವನ್ನು ಸೆರಗಿನಲ್ಲಿ ಸುತ್ತಿ ಎದ್ದವಳು ಬಾಗಿಲಲ್ಲಿ ನಿಂತು ಕೈ ಚಾಚಿದಳು.

“ನನ್ನ ಅರ್ಧ ಕೊಡ್ರಿ ಮತ್ತ.”