ಸದ್ದು ಮಾಡದ ಆಂಪ್ಲಿಫೈಯರ್ ಹುಡುಕಿದ್ದು

ದಿನಾ ಬೆಳಿಗ್ಗೆ ಏಳೂವರೆಗೆ ಚನ್ನಗಿರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ನಾನು ಹಾಜರಿ ಕರೆಯುತ್ತೇನೆ. ಕರೆಯುವುದು ಮೂರೇ ಊರು: ಹೊನ್ನಾಳಿ, ನ್ಯಾಮತಿ, ಜಗಳೂರು. ನಾವು ನಾಲ್ವರೂ ಹ್ಯಾಮ್‌ಗಳು. ಅಂದರೆ ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು, ಮನೆಯಿಂದಲೇ ರೇಡಿಯೋದಲ್ಲಿ ಮಾತಾಡುವ ಹವ್ಯಾಸಿಗಳು. ಮೊಬೈಲಿನಲ್ಲಿ ಮಾತಾಡಿದರೆ ಆಗುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಪೇಟೆಯಲ್ಲಿ ಹೂವು ಸಿಗುವಾಗ ಮನೆ ಮುಂದೆ ಗಿಡ ಯಾಕೆ ಎಂದು ನಾನು ಅವರನ್ನು ಕೇಳಿದ್ದೇನೆಯೇ?

ಲೈಸೆನ್ಸಿನಲ್ಲಿ ಕೊಟ್ಟ ಕರೆಸಂಕೇತ ಹೇಳಿ ಮುಗಿದ ಮೇಲೆ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು. ಹಾಗಾಗಿ 'ಹೊನ್ನಾಳಿಗೆ ನೆಗಡಿ', 'ನ್ಯಾಮತಿಗೆ ಇವತ್ತು ಪೇಪರ್ ತಿದ್ದೋದೈತೆ' ಎಂಬ ಘನಗಂಭೀರ ವಾರ್ತೆಗಳು ನಮ್ಮಲ್ಲಿ ಪ್ರಸಾರವಾಗುತ್ತವೆ. ಹೊನ್ನಾಳಿ ಎಂದರೆ ಅಕ್ಕಿ ಗಿರಣಿಯ ಮಾಲೀಕರು. ನ್ಯಾಮತಿ ಎಂದರೆ ಹೈಸ್ಕೂಲಿನ ವಿಜ್ಞಾನದ ಮೇಡಂ. ಜಗಳೂರು ಎಂದರೆ ನಿವೃತ್ತ ಸಂಗೀತ ಮೇಷ್ಟ್ರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಚನ್ನಗಿರಿ ಎಂದರೆ ನಾನು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಆ ಅರ್ಹತೆಯ ಮೇಲೆ ಹಾಜರಿ ಕರೆಯುವ ಪದವಿ ನನಗೆ ಒದಗಿಬಂತು. ಚುನಾವಣೆ ನಡೆಸಬೇಕೆಂದು ಯಾರೂ ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಈಚಿನ ಒಂದು ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ ಜಗಳೂರು ಉತ್ತರ ಕೊಡುವುದು ತಡವಾಗತೊಡಗಿತು. ಮೇಷ್ಟ್ರ ಓಣಿಯಲ್ಲಿ ಹೊಸ ಬೀದಿದೀಪ, ಮನೆಮನೆಗೆ ಚಾರ್ಜರು, ಇನ್ವರ್ಟರು ಬಂದು ರೇಡಿಯೋದಲ್ಲಿ ಸದಾ ಗುಂಯ್‌ಗುಡುವಿಕೆ. ಅದರಲ್ಲಿ ನನ್ನ ನೂರು ವ್ಯಾಟ್ ಮುಳುಗಿಹೋಗುತ್ತಿತ್ತು. ಒಂದು ದಿನ ಮೇಷ್ಟ್ರು ಹೇಳಿಯೇಬಿಟ್ಟರು.

“ಚನ್ನಗಿರಿ, ನೀವು ಅಲ್ಲಿ ಐದೀರಿ ಅಂತ ಗೊತ್ತಾಗ್ತೈತೆ, ಏನಂತೀರಿ ಅಂತ ಗೊತ್ತಾಗಲ್ಲ. ಹೊನ್ನಾಳಿಯವರು ಜೋರಾಗಿ ಕೇಳ್ತಾರೆ, ಆದ್ರೆ ಅವರ ಹಿಂದೆ ಗಿರಣಿನೂ ಕೇಳ್ತೈತೆ. ತಲೆ ನೋಯ್ತೈತ್ರೀ. ದೀಪಾವಳಿ ಕಳೀಲಿ, ಲೈಸೆನ್ಸ್ ಇದ್ದೋರಿಗೆ ಯಾರಿಗಾದ್ರೂ ಈ ಸೆಟ್ ಕೊಟ್ಟು ಸುಮ್ಕಾಗ್ತೀನಿ.”

ನಾನು ಏನೋ ಕೂಗಿದೆ. ಅದೂ ಅವರಿಗೆ ಕೇಳಿಸಲಿಲ್ಲ.

ಆ ಸೆಟ್ಟಿನ ಗುಂಡಿಗಳನ್ನು ಮೇಷ್ಟ್ರು ಹಾರ್ಮೋನಿಯಂನ ಸ್ವರದ ಮನೆಗಳಂತೆ ಬಲ್ಲವರು. ಅದು ಇನ್ನೊಬ್ಬರ ಮನೆ ಸೇರುವುದೆಂದರೇನು? ಅಲ್ಲದೆ, ನೌಕರಿಯಲ್ಲಿ ಇದ್ದಷ್ಟು ಕಾಲ 'ಕೇಳ್ತಿಲ್ಲ' ಎಂದ ಯಾವ ಗ್ರಾಹಕನನ್ನೂ ನಾನು ಹಾಗೆಯೇ ಬಿಟ್ಟವನಲ್ಲ. ದೀಪಾವಳಿಗೆ ಎರಡು ತಿಂಗಳಿತ್ತು. ನನ್ನ ಕೋಣೆಗೆ ಪವರ್ ಆಂಪ್ಲಿಫೈಯರ್ ಬರಬೇಕೆಂದು ಅಂದೇ ತೀರ್ಮಾನವಾಯಿತು.

ಆಂಪ್ಲಿಫೈಯರ್ ಎಂದರೆ ಸೆಟ್ಟಿನ ಅಲೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ ಆಂಟೆನಾಕ್ಕೆ ಒಪ್ಪಿಸುವ ಪೆಟ್ಟಿಗೆ. ಲೈಸೆನ್ಸಿನ ಮಿತಿಯೊಳಗೇ ಅನ್ನಿ. ತೊಂದರೆ ಏನೆಂದರೆ ಅದು ಕಾದು ಬಿಸಿಯಾಗುತ್ತದೆ. ಕಾದರೆ ಫ್ಯಾನ್ ತಿರುಗಬೇಕು. ಫ್ಯಾನ್ ಸದ್ದು ಮಾಡಿದರೆ ಮೈಕು ಅದನ್ನೂ ಹೊತ್ತು ಜಗಳೂರಿಗೆ ತಲುಪಿಸುತ್ತದೆ. ಮೇಲಾಗಿ ಅಡುಗೆಮನೆಯಿಂದ ಒಂದು ಆಜ್ಞೆಯೂ ಹೊರಟಿತ್ತು.

“ನಿಮ್ ಮಾತಿಗೆ ಹೆಂಗೋ ಒಗ್ಗಿಕೊಂಡೀನ್ರೀ,” ಎಂದಳು ನನ್ನ ಹೆಂಡತಿ. “ಇನ್ನೊಂದು ಸದ್ದು ಈ ಮನೆಗೆ ಬರಂಗಿಲ್ಲ.”

ಮೊದಲು ಹೊನ್ನಾಳಿಗೆ ಹೋದೆ. ನಮ್ಮ ನಾಲ್ವರಲ್ಲಿ ದೊಡ್ಡ ಆಂಪ್ಲಿಫೈಯರ್ ಇದ್ದದ್ದು ಅವರಲ್ಲಿಯೇ. ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹೋರಿ ತೋರಿಸುವವರಂತೆ ನಿಂತರು.

“ಸದ್ದು ಎಲ್ಲೈತ್ರೀ? ನೀವೇ ಕೇಳ್ರಿ.”

ಕಣ್ಣು ಮುಚ್ಚಿ ಕೇಳಿದೆ. ನಿಜಕ್ಕೂ ಸದ್ದಿರಲಿಲ್ಲ. ಇಂಥದ್ದೇ ನನಗೂ ಒಂದಿರಲಿ ಎನ್ನಲು ಬಾಯಿ ತೆರೆದಿದ್ದೆ.

“ತಡೀರಿ, ನ್ಯಾಮತಿ ಮೇಡಂಗೆ ಒಂದು ನಮಸ್ಕಾರ ಹಾಕಿಬಿಡಾನ,” ಎಂದು ಅವರು ಮೈಕಿನ ಬಟನ್ ಒತ್ತಿ ಮಾತು ಶುರು ಮಾಡಿದರು. ಗೊರ್ರ್ ಎಂದು ಗಿರಣಿ ಎದ್ದಿತು. ಅವರು ಬಟನ್ ಬಿಟ್ಟಾಗ ನಿಂತಿತು.

“ಗಿರಣಿ ಶುರುವಾಗಿತ್ತಲ್ರೀ,” ಎಂದೆ.

“ಗಿರಣಿಗೆ ಇವತ್ತು ರಜೆ. ಬೀಗ ಹಾಕೀನಿ.”

“ಇನ್ನೊಂದ್ಸಲ ಒತ್ರಿ. ಬಾಯಿ ಮುಚ್ಚಿಕೊಂಡು ಒತ್ರಿ.”

ಒತ್ತಿದರು. ಗೊರ್ರ್ ಎಂದಿತು. ಈ ಸಲ ಅವರಿಗೂ ಕೇಳಿಸಿತು, ಜೀವಮಾನದಲ್ಲಿ ಮೊದಲ ಸಲ.

ನಾವು ಹ್ಯಾಮ್‌ಗಳು ಮಾತ್ರ ಮಾಡಬಲ್ಲ ತಪ್ಪು ಇದು. ಬೇರೆಯವರ ಮಾತು ಕೇಳುವಾಗ ಆಂಪ್ಲಿಫೈಯರ್ ಮಲಗಿರುತ್ತದೆ. ಅದು ಎದ್ದು ಅರಚುವ ಹೊತ್ತಿಗೆ ನಾವೇ ಅರಚುತ್ತಿರುತ್ತೇವೆ. ಹೀಗಾಗಿ ಪ್ರತಿಯೊಬ್ಬ ಹ್ಯಾಮ್‌ಗೂ ತನ್ನ ಆಂಪ್ಲಿಫೈಯರ್ ಪರಮ ಸಾಧು. ನಿರಪರಾಧಿಯಾದ ಗಿರಣಿಯನ್ನು ನಾನೂ ಎಷ್ಟೋ ಸಲ ಬೈದಿದ್ದೆ. ಹೊನ್ನಾಳಿ ಅಲ್ಲೇ ಕುರ್ಚಿಯಲ್ಲಿ ಕುಸಿದರು.

“ಇಷ್ಟು ವರ್ಷ ಮೇಷ್ಟ್ರ ಕಿವಿಗೆ ಇದನ್ನ ತುಂಬಿದೀನೇನ್ರೀ ನಾನು?”

“ನ್ಯಾಮತಿ ಮೇಡಂದನ್ನೂ ನೋಡಾನ, ಏಳ್ರಿ,” ಎಂದೆ. ಇಬ್ಬರೂ ಅವರ ಕಾರಿನಲ್ಲಿ ನ್ಯಾಮತಿಗೆ ಹೊರಟೆವು.

ಮೇಡಂ ಆಂಪ್ಲಿಫೈಯರನ್ನು ತಾವೇ ಕಟ್ಟಿಕೊಂಡಿದ್ದರು. ನಾನು ಪರೀಕ್ಷೆಯ ನಿಯಮ ಘೋಷಿಸಿದೆ: ಬಟನ್ ಒತ್ತಿಯೇ ಇರಬೇಕು, ಐದು ನಿಮಿಷ ಯಾರೂ ತುಟಿ ಬಿಚ್ಚಬಾರದು. ಮೇಡಂ ಆಂಟೆನಾ ಕಳಚಿ, ಶಕ್ತಿಯನ್ನೆಲ್ಲ ನುಂಗಿಕೊಳ್ಳುವ ಡಮ್ಮಿ ಲೋಡ್ ಸಿಕ್ಕಿಸಿ, ಪೂರ್ತಿ ಪವರ್ ಬಿಟ್ಟರು. ಆಂಪ್ಲಿಫೈಯರಿಗೆ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹೊನ್ನಾಳಿಗೆ. ಐದು ನಿಮಿಷ ಮಾತಾಡದೆ ಅವರ ಮುಖ ಕೆಂಪಾಗಿತ್ತು.

“ಫ್ಯಾನ್ ಯಾವಾಗ ಶುರುವಾಗ್ತೈತಮ್ಮ?” ಎಂದೆ ಕೊನೆಗೆ.

“ಆಗಿನಿಂದ ತಿರುಗ್ತಾನೇ ಐತೆ ಸಾರ್.”

ನಂಬಲಿಲ್ಲ. ಜೇಬಿನಲ್ಲಿದ್ದ ಬಸ್ ಟಿಕೆಟ್ಟನ್ನು ಪೆಟ್ಟಿಗೆಯ ಹಿಂದಿನ ಜಾಲರಿಗೆ ಹಿಡಿದೆ. ಟಿಕೆಟ್ಟು ಪಟಪಟ ಎಂದಿತು. ಇಡೀ ಕೋಣೆಯಲ್ಲಿ ಸದ್ದು ಮಾಡಿದ್ದು ಅದೊಂದೇ.

“ಸಣ್ಣ ಫ್ಯಾನ್ ಜೋರಾಗಿ ತಿರುಗಿದ್ರೆ ಕಿರುಚ್ತೈತೆ ಸಾರ್. ದೊಡ್ಡದು ನಿಧಾನಕ್ಕೆ ತಿರುಗಿದ್ರೆ ಅಷ್ಟೇ ಗಾಳಿ, ಸದ್ದಿಲ್ಲ. ಮತ್ತೆ ಇದರ ಕೈಲಿ ಆಗೋದ್ರಲ್ಲಿ ಅರ್ಧ ಕೆಲ್ಸಾನೇ ಹೇಳ್ತೀನಿ. ಬೆವರೋದೇ ಕಮ್ಮಿ.”

“ಇಂಥದ್ದು ಯಾವ ಅಂಗಡೀಲಿ ಸಿಗ್ತೈತೆ?”

“ಯಾವ ಅಂಗಡೀಲೂ ಇಲ್ಲ. ನೀವೇ ಕಟ್ರಿ. ಹೆಂಗೆ ಅಂತ ನಾನ್ ಹೇಳಿಕೊಡ್ತೀನಿ.”

ಆರು ಭಾನುವಾರ ಚನ್ನಗಿರಿಯಿಂದ ನ್ಯಾಮತಿಗೆ ಪಾಠಕ್ಕೆ ಹೋದೆ. ಮೂವತ್ತು ವರ್ಷ ತಂತಿಗಳ ನಡುವೆ ಬದುಕಿದ ನನ್ನ ಬೆಸುಗೆಯನ್ನು ಮೇಡಂ ಭೂತಗನ್ನಡಿಯಲ್ಲಿ ನೋಡಿ, “ಇದು ಬೆಸುಗೆ ಅಲ್ಲ ಸಾರ್, ಅಂಟಿಸಿದ್ದು. ಬಿಚ್ರಿ,” ಎಂದರು. ಬಿಚ್ಚಿದೆ. ನಿವೃತ್ತಿಯ ದಿನ ಹಾರ ಹಾಕಿ ನನ್ನ ಕೈಚಳಕವನ್ನು ಕೊಂಡಾಡಿದ್ದ ಭಾಷಣಗಳೆಲ್ಲ ಆಗ ನೆನಪಾದವು. ನಾಲ್ಕನೆಯ ಭಾನುವಾರ ಅವರು ಭೂತಗನ್ನಡಿ ಕೆಳಗಿಟ್ಟು “ಹೂಂ” ಎಂದರು. ಆ ಹಾರಕ್ಕಿಂತ ಈ ಹೂಂ ತೂಕದ್ದು.

ದೀಪಾವಳಿಗೆ ಮೂರು ದಿನ ಮೊದಲು ಪೆಟ್ಟಿಗೆ ಮನೆಗೆ ಬಂತು. ಕಬ್ಬಿಣದ ಬೀರುವಿನ ಮೇಲೆ ಇರಿಸಿ, ಬಟನ್ ಒತ್ತಿ, ಉಸಿರು ಹಿಡಿದು ಕೇಳಿದೆ. ಏನೂ ಕೇಳಿಸಲಿಲ್ಲ. ಅಡುಗೆಮನೆಯಿಂದ ಧ್ವನಿ ಬಂತು.

“ಬೀರು ಯಾಕ್ರೀ ಗುನುಗ್ತೈತೆ?”

ಕಿವಿಯಿಟ್ಟರೆ ಹೌದು, ಫ್ಯಾನಿನ ನಡುಕ ಬೀರುವಿಗಿಳಿದು ಅದು ಮೆಲ್ಲಗೆ ಹಾಡುತ್ತಿತ್ತು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪೆಟ್ಟಿಗೆಯ ಕಾಲಿಗೆ ಕೊಟ್ಟೆ, ಸಾಲಲಿಲ್ಲ. ಆಗ ಹೆಂಡತಿ ಹಿತ್ತಲಿಗೆ ನಡೆದು, ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಚಟ್ನಿ ಅರೆಯುವ ಚಪ್ಪಟೆ ಕಲ್ಲನ್ನು ತೋರಿಸಿದಳು.

“ತಗೊಳ್ರಿ. ತವರುಮನೇದು. ಕೆಡಿಸಂಗಿಲ್ಲ ಮತ್ತೆ.”

ಕಲ್ಲಿನ ಮೇಲೆ ಟ್ಯೂಬು, ಟ್ಯೂಬಿನ ಮೇಲೆ ಪೆಟ್ಟಿಗೆ. ಬಟನ್ ಒತ್ತಿ ಕಾದೆ. ಅವಳು ಬಾಗಿಲಲ್ಲಿ ನಿಂತು ಕೇಳಿದಳು. “ಈಗ ಇರಲಿ,” ಎಂದು ತೀರ್ಪು ಕೊಟ್ಟಳು.

ಮರುದಿನ ಏಳೂವರೆಗೆ ಹಾಜರಿ ಕರೆದೆ. ಹೊನ್ನಾಳಿ ಗೊರಗುಡುವ ಪೆಟ್ಟಿಗೆ ಆರಿಸಿ, ಬರಿಯ ಸೆಟ್ಟಿನಲ್ಲಿ ವಿನಯದಿಂದ ಉತ್ತರಿಸಿದರು. ನ್ಯಾಮತಿ ಉತ್ತರಿಸಿದರು. ಆಮೇಲೆ ಜಗಳೂರನ್ನು ಕರೆದೆ. ಹೊಸ ಪೆಟ್ಟಿಗೆ ಹೇಗೆ ಕಟ್ಟಿದ್ದೆಂದು ನಾಲ್ಕು ಮಾತು ಹೇಳಿ, ಬಟನ್ ಬಿಟ್ಟೆ. ಕೂಡಲೇ ಉತ್ತರ ಬರಲಿಲ್ಲ. ಕಲ್ಲು, ಆರು ಭಾನುವಾರ, ಎಲ್ಲವೂ ದಂಡವಾಯಿತೆಂದುಕೊಂಡೆ.

“ಚನ್ನಗಿರಿ,” ಎಂದರು ಮೇಷ್ಟ್ರು. “ನಿಮ್ಮ ಹಿಂದೆ ಏನ್ ಕೇಳ್ತೈತೆ ಅಂತ ಹುಡುಕ್ತಿದ್ದೆ. ಫ್ಯಾನ್ ಸಿಗಲಿಲ್ರೀ. ಸಾಸಿವೆ ಸಿಡಿದಿದ್ದು ಕೇಳ್ತು. ಅಮ್ಮೋರು ಒಗ್ಗರಣೆ ಹಾಕಿದ್ರಾ?”

ಅಡುಗೆಮನೆಯತ್ತ ತಿರುಗಿದೆ. ಅವಳು ಸೌಟು ಹಿಡಿದು ಬಾಗಿಲಿಗೆ ಬಂದಿದ್ದಳು. “ಅವಲಕ್ಕಿಗೆ ಅಂತ ಹೇಳ್ರಿ,” ಎಂದಳು.

ಬಟನ್ ಒತ್ತಿ, ರಾಜಪತ್ರ ಓದುವ ಧಾಟಿಯಲ್ಲಿ, ಅವಲಕ್ಕಿಗೆ ಎಂದು ಹೇಳಿದೆ. ಮತ್ತೆ, ಸೆಟ್ಟನ್ನು ಯಾರಿಗೆ ಕೊಡುವುದೆಂದು ನಿಶ್ಚಯ ಮಾಡಿದರೇ ಎಂದೂ ಕೇಳಿದೆ.

“ಯಾವ ಸೆಟ್ಟು?” ಎಂದರು ಮೇಷ್ಟ್ರು. “ಇದಕ್ಕೆ ಇವತ್ತೇ ಹಬ್ಬಕ್ಕೆ ಅಂತ ಹೊಸ ಗವಸು ಹೊಲಿಸಾಕೆ ಕೊಡ್ತೀನಿ. ಅದೂ ಇದೂ ಅನ್ನಬ್ಯಾಡ್ರಿ, ನಾಳೆ ಏಳೂವರೆಗೆ ಸರಿಯಾಗಿ ಕರೀರಿ.”